ಡಬ್ಲಿನ್‌ನಲ್ಲಿ ಚೌಕಾಸಿ ಮೇಲಕ್ಕೆ ಏರುತ್ತದೆ

ಲೂಕನ್ ಬಳಿ ಮೂರು ಮಲಗುವ ಕೋಣೆಗಳ ಒಂದು ಮನೆ ನಮಗೆ ಬಹಳ ಹಿಡಿಸಿತ್ತು. ಜಾಹೀರಾತಿನಲ್ಲಿ ಬೆಲೆ 4.25 ಲಕ್ಷ ಯೂರೋ. ಹದಿನಾರು ದಿನಗಳ ಪೈಪೋಟಿಯ ನಂತರ 4.78 ಲಕ್ಷಕ್ಕೆ ಏಜೆಂಟ್ ಅದನ್ನು ನಮ್ಮ ಹೆಸರಿಗೆ ನಿಲ್ಲಿಸಿದರು. ಬುಕಿಂಗ್ ಡಿಪಾಸಿಟ್ ಕಟ್ಟಿದೆವು. ಮಗಳು ತನ್ನ ಕೋಣೆ ಯಾವುದೆಂದು ಗೊತ್ತು ಮಾಡಿಕೊಂಡಳು. ಗೃಹಪ್ರವೇಶಕ್ಕೆ ಮುಹೂರ್ತ ನೋಡಿಸಿ ಎಂದು ಊರಿಗೆ ಫೋನ್ ಮಾಡಿ ಅತ್ತೆಗೆ ಹೇಳಿದ್ದೂ ಆಯಿತು. ಐದನೇ ವಾರ ಏಜೆಂಟ್ ಕರೆ ಮಾಡಿದರು: ಬೇರೊಬ್ಬರು ಹನ್ನೆರಡು ಸಾವಿರ ಹೆಚ್ಚು ಕೊಡುತ್ತಿದ್ದಾರೆ, ಮಾಲೀಕರು ಅವರಿಗೇ ಮಾರಲು ತೀರ್ಮಾನಿಸಿದ್ದಾರೆ. ಡಿಪಾಸಿಟ್ ಹಣ ಪೂರ್ತಿ ಮರಳಿ ಬಂತು. ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೇಯರ್‌ಗೆ ಕೊಟ್ಟ ಹಣ ಮಾತ್ರ ಹೋಯಿತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ಇನ್ನೆರಡು ಮನೆಗಳನ್ನು ಕಳೆದುಕೊಳ್ಳಬೇಕಾಯಿತು. ಐರ್ಲೆಂಡಿನಲ್ಲಿ ಮನೆ ಹುಡುಕುತ್ತಿರುವ ಕನ್ನಡಿಗರು ಅಷ್ಟು ಬೆಲೆ ತೆರದೆಯೇ ಈ ವ್ಯವಸ್ಥೆಯನ್ನು ತಿಳಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕಲಿತ ಕ್ರಮವೇ ಬೇರೆ. ಅಲ್ಲಿ ಮಾಲೀಕ ಹೇಳುವ ಬೆಲೆಯಿಂದ ಮಾತು ಕೆಳಗಿಳಿಯುತ್ತದೆ. ಎರಡೂ ಕಡೆಯವರು ಒಪ್ಪಿದ ಮೇಲೆ ಟೋಕನ್ ಅಡ್ವಾನ್ಸ್ ಕೊಟ್ಟರೆ ಆ ಮಾತಿಗೆ ಒಂದು ತೂಕ ಬರುತ್ತದೆ. ತಪ್ಪಿದವರು ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಇಲ್ಲಿ ಜಾಹೀರಾತಿನ ಬೆಲೆ ಏಣಿಯ ಮೊದಲ ಮೆಟ್ಟಿಲು. ಮಾತು ಅಲ್ಲಿಂದ ಮೇಲಕ್ಕೇ ಏರುತ್ತದೆ. ಫಲಕದ ಮೇಲೆ ‘ಸೇಲ್ ಅಗ್ರೀಡ್’ (ಮಾರಾಟಕ್ಕೆ ಒಪ್ಪಿಗೆಯಾಗಿದೆ) ಎಂದು ಬಂದರೂ, ನೀವು ಡಿಪಾಸಿಟ್ ಕೊಟ್ಟಿದ್ದರೂ, ಎರಡೂ ಕಡೆಯವರು ಕರಾರಿಗೆ ಸಹಿ ಹಾಕಿ ವಿನಿಮಯ ಆಗುವ ತನಕ ಮನೆ ಯಾರದ್ದೂ ಆಗಿರುವುದಿಲ್ಲ. ಮಾಲೀಕರು ಹಿಂದೆ ಸರಿಯಬಹುದು, ನೀವೂ ಸರಿಯಬಹುದು. ಇದೊಂದನ್ನು ಮೊದಲ ದಿನವೇ ಮನಸ್ಸಿಗೆ ಇಳಿಸಿಕೊಂಡರೆ ಅರ್ಧ ಸಂಕಟ ತಪ್ಪುತ್ತದೆ.

ಇಷ್ಟೊಂದು ನೂಕುನುಗ್ಗಲು ಏಕೆ? 2008ರ ಆರ್ಥಿಕ ಕುಸಿತದಲ್ಲಿ ಈ ದೇಶದ ಕಟ್ಟಡ ಉದ್ಯಮ ನೆಲಕಚ್ಚಿತು. 2013ರಲ್ಲಿ ಇಡೀ ಐರ್ಲೆಂಡಿನಲ್ಲಿ ಪೂರ್ಣಗೊಂಡ ಹೊಸ ಮನೆಗಳು ಐದು ಸಾವಿರಕ್ಕೂ ಕಡಿಮೆ. 2024ರಲ್ಲಿ ಕೂಡ ಸುಮಾರು 30 ಸಾವಿರವಷ್ಟೇ. ಜನಸಂಖ್ಯೆಯಾದರೋ 2011ರ ಗಣತಿಯಲ್ಲಿ ಸುಮಾರು 46 ಲಕ್ಷವಿದ್ದುದು 2022ರಲ್ಲಿ 51 ಲಕ್ಷ ದಾಟಿತು. ಹತ್ತು ವರ್ಷ ಕಟ್ಟದೆ ಉಳಿದ ಮನೆಗಳಿಗಾಗಿ ನಾವೆಲ್ಲರೂ ಈಗ ಒಂದೇ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದೇವೆ. ಶನಿವಾರದ ವ್ಯೂಯಿಂಗ್‌ನಲ್ಲಿ ನಿಮ್ಮ ಮುಂದೆ ಮಗುವನ್ನು ಎತ್ತಿಕೊಂಡು ನಿಂತ ಐರಿಷ್ ದಂಪತಿಯ ಮುಖದಲ್ಲೂ ಅದೇ ದಣಿವು ಕಾಣುತ್ತದೆ.

ಮನೆ ನೋಡುವ ಮೊದಲು ಸಾಲದ ಲೆಕ್ಕ ಮುಗಿಸಿಕೊಳ್ಳಿ. ಇಲ್ಲಿ ಎಷ್ಟು ಸಾಲ ಸಿಗುತ್ತದೆ ಎಂಬುದನ್ನು ಬ್ಯಾಂಕ್ ಒಂದೇ ತೀರ್ಮಾನಿಸುವುದಿಲ್ಲ, ಸೆಂಟ್ರಲ್ ಬ್ಯಾಂಕಿನ ಮಿತಿ ಇದೆ. 2023ರ ಜನವರಿಯಿಂದ ಮೊದಲ ಬಾರಿ ಮನೆ ಕೊಳ್ಳುವವರಿಗೆ ವಾರ್ಷಿಕ ಒಟ್ಟು ವೇತನದ ನಾಲ್ಕು ಪಟ್ಟು, ಎರಡನೇ ಮನೆ ಕೊಳ್ಳುವವರಿಗೆ ಮೂರೂವರೆ ಪಟ್ಟು. ಮನೆಯ ಬೆಲೆಯಲ್ಲಿ ಶೇಕಡ 90ರಷ್ಟು ಮಾತ್ರ ಸಾಲ. ಗಂಡ ಹೆಂಡತಿ ಇಬ್ಬರಿಗೂ ಸೇರಿ 1.10 ಲಕ್ಷ ಯೂರೋ ವೇತನವಿದ್ದರೆ ಸಾಲ 4.40 ಲಕ್ಷ, ಆ ಸಾಲದಲ್ಲಿ ಮುಟ್ಟಬಹುದಾದ ಮನೆ ಸುಮಾರು 4.88 ಲಕ್ಷದ್ದು. ಉಳಿದ 48 ಸಾವಿರ ನಿಮ್ಮ ಉಳಿತಾಯದಿಂದ ಬರಬೇಕು. ಅದರ ಮೇಲೆ ಶೇಕಡ 1ರಷ್ಟು ಸ್ಟಾಂಪ್ ಡ್ಯೂಟಿ, ಕಾಗದಪತ್ರ ನೋಡಿಕೊಳ್ಳುವ ವಕೀಲರ ಅಂದರೆ ಸಾಲಿಸಿಟರ್ ಶುಲ್ಕ, ಸರ್ವೇಯರ್ ಶುಲ್ಕ. ಮಿತಿ ಮೀರಿ ಸಾಲ ಕೊಡಲು ಬ್ಯಾಂಕುಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಬಿಡ್ ಹಾಕಬೇಡಿ.

ಬ್ಯಾಂಕ್ ಕೊಡುವ ತಾತ್ವಿಕ ಒಪ್ಪಿಗೆಗೆ ಇಲ್ಲಿ ಅಪ್ರೂವಲ್ ಇನ್ ಪ್ರಿನ್ಸಿಪಲ್ ಎನ್ನುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಆರು ತಿಂಗಳ ಆಯುಸ್ಸು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬಾಡಿಗೆ ಮತ್ತು ಉಳಿತಾಯ ತಿಂಗಳು ತಿಂಗಳೂ ತಪ್ಪದೆ ಹೋಗಿರುವುದು ಕಾಣಬೇಕು. ಐರಿಷ್ ಪೌರತ್ವ ಇಲ್ಲದವರೂ ಇಲ್ಲಿ ಮನೆ ಕೊಳ್ಳಬಹುದು, ಅದಕ್ಕೆ ಯಾವ ತಡೆಯೂ ಇಲ್ಲ. ಆದರೆ ನಿಮ್ಮ ವಾಸದ ಪರವಾನಗಿ ಸ್ಟಾಂಪ್ 1 (ಉದ್ಯೋಗ ಪರವಾನಗಿಯ ಮೇಲೆ ಇರುವವರದ್ದು) ಆಗಿದ್ದರೆ ಷರತ್ತುಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತವೆ. ಉದ್ಯೋಗ ಪರವಾನಗಿ ಇಲ್ಲದೆಯೇ ದುಡಿಯಬಹುದಾದ ಸ್ಟಾಂಪ್ 4 ಬಂದ ಮೇಲೆ ದಾರಿ ಸುಲಭವಾಗುತ್ತದೆ. ಒಂದು ಬ್ಯಾಂಕ್ ಇಲ್ಲವೆಂದರೆ ಕೈಚೆಲ್ಲದೆ ಸಾಲದ ಬ್ರೋಕರ್ ಒಬ್ಬರನ್ನು ಕೇಳಿ.

ಊರಿನಲ್ಲಿ ಫ್ಲಾಟ್ ಇರುವವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಹೊಸದಾಗಿ ಕಟ್ಟಿದ ಮನೆ ಕೊಳ್ಳುವವರಿಗೆ ಸರ್ಕಾರ ‘ಹೆಲ್ಪ್ ಟು ಬೈ’ ಯೋಜನೆಯಲ್ಲಿ ಗರಿಷ್ಠ 30 ಸಾವಿರ ಯೂರೋ ಮರಳಿಸುತ್ತದೆ. ಮನೆಯ ಬೆಲೆ 5 ಲಕ್ಷ ಯೂರೋ ಮೀರಬಾರದು. ಮರಳುವ ಹಣ ಬೆಲೆಯ ಶೇಕಡ 10ನ್ನು ಮೀರುವುದಿಲ್ಲ, ಹಿಂದಿನ ನಾಲ್ಕು ವರ್ಷಗಳಲ್ಲಿ ನೀವು ಇಲ್ಲಿ ಕಟ್ಟಿದ ತೆರಿಗೆಯನ್ನೂ ಮೀರುವುದಿಲ್ಲ. ಆದ್ದರಿಂದ ಬಂದು ಒಂದೇ ವರ್ಷವಾದವರಿಗೆ ಪೂರ್ತಿ ಮೊತ್ತ ಸಿಗುವುದು ಕಷ್ಟ. ಇನ್ನೂ ಮುಖ್ಯವಾದದ್ದು, ಜಗತ್ತಿನ ಯಾವ ಮೂಲೆಯಲ್ಲಾದರೂ ನೀವು ಹಿಂದೆ ಮನೆಯನ್ನೋ ಫ್ಲಾಟನ್ನೋ ಕೊಂಡಿದ್ದರೆ, ಇಲ್ಲವೇ ಕಟ್ಟಿಸಿದ್ದರೆ, ಈ ಯೋಜನೆ ನಿಮಗಿಲ್ಲ. ಜಂಟಿಯಾಗಿ ಕೊಳ್ಳುವಾಗ ಇಬ್ಬರಲ್ಲಿ ಒಬ್ಬರು ವೈಟ್‌ಫೀಲ್ಡ್‌ನಲ್ಲಿ ಫ್ಲಾಟ್ ಕೊಂಡಿದ್ದರೂ ಸಾಕು, ಇಬ್ಬರಿಗೂ ಅವಕಾಶ ತಪ್ಪುತ್ತದೆ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ ಮನೆಯ ವಿಷಯ ಬೇರೆ, ಅದನ್ನು ಕೊಂಡದ್ದೆಂದು ಪರಿಗಣಿಸುವುದಿಲ್ಲ. ಸಂಗತಿಯನ್ನು ಮುಚ್ಚಿಟ್ಟು ಅರ್ಜಿ ಹಾಕಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಸುಳ್ಳು ಹೊರಬಿದ್ದರೆ ಹಣವನ್ನು ಮರಳಿ ಕಟ್ಟಬೇಕಾಗುತ್ತದೆ.

ಇನ್ನು ಬೆಲೆ. ಐರ್ಲೆಂಡಿನಲ್ಲಿ ಕೊಳ್ಳುವವರ ಕೈಯಲ್ಲಿರುವ ಒಳ್ಳೆಯ ಆಯುಧ ಪ್ರಾಪರ್ಟಿ ಪ್ರೈಸ್ ರಿಜಿಸ್ಟರ್. 2010ರಿಂದ ಈಚೆಗೆ ದೇಶದಲ್ಲಿ ಮಾರಾಟವಾದ ಮನೆಗಳ ವಿಳಾಸ, ದಿನಾಂಕ, ಬೆಲೆ ಅದರಲ್ಲಿವೆ. ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ನಮ್ಮಲ್ಲಿ ನೋಂದಣಿ ಕಚೇರಿಯ ದರಕ್ಕೂ ಕೈ ಬದಲಾದ ಹಣಕ್ಕೂ ಇರುವ ಅಂತರವನ್ನು ಕಂಡವರಿಗೆ ಇದು ದೊಡ್ಡ ಸಮಾಧಾನ. ನೀವು ನೋಡಲು ಹೋಗುವ ಬೀದಿಯಲ್ಲಿ ಕಳೆದ ಹದಿನೆಂಟು ತಿಂಗಳಲ್ಲಿ ಮಾರಾಟವಾದ ಮನೆಗಳನ್ನೆಲ್ಲ ಬರೆದುಕೊಳ್ಳಿ. ಎರಡು ಎಚ್ಚರಿಕೆ ಬೇಕು. ಬೆಲೆ ಆ ಪಟ್ಟಿಗೆ ಬರುವುದು ಮಾರಾಟ ಪೂರ್ಣಗೊಂಡ ಮೇಲೆ. ಅಂದರೆ ಅದು ನಾಲ್ಕಾರು ತಿಂಗಳ ಹಿಂದೆ ಒಪ್ಪಿದ ಬೆಲೆ. ಹೊಸ ಮನೆಗಳ ಬೆಲೆಯನ್ನು ಅಲ್ಲಿ ವ್ಯಾಟ್ ತೆರಿಗೆ ಬಿಟ್ಟು ತೋರಿಸಿರುತ್ತಾರೆ. ಆ ತೆರಿಗೆಯನ್ನು (ಅಪಾರ್ಟ್‌ಮೆಂಟ್ ಬಿಟ್ಟು ಉಳಿದ ಹೊಸ ಮನೆಗಳಿಗೆ ಶೇಕಡ 13.5) ಸೇರಿಸಿಕೊಂಡು ಓದಿ. ಹೀಗೆ ಬಂದ ಅಂಕಿ ನಿಮ್ಮ ಮಿತಿಗಿಂತ ಹೆಚ್ಚಿದ್ದರೆ ಆ ಮನೆಯನ್ನು ನೋಡಲೇ ಹೋಗಬೇಡಿ. ಜಾಹೀರಾತಿನ ಬೆಲೆ ಕೈಗೆಟಕುವಂತಿದೆ ಎಂದು ನಾವು ಎರಡು ತಿಂಗಳ ಶನಿವಾರಗಳನ್ನು ವ್ಯರ್ಥ ಮಾಡಿದೆವು. ಮಕ್ಕಳಿಗೂ ಅದು ಶಿಕ್ಷೆಯಾಯಿತು.

ಬಿಡ್ ನಡೆಯುವ ರೀತಿ ಹೀಗಿದೆ. ಮನೆ ನೋಡಿದ ಮೇಲೆ ಏಜೆಂಟ್‌ಗೆ ಇಮೇಲ್‌ನಲ್ಲಿ ನಿಮ್ಮ ಬೆಲೆ ತಿಳಿಸುತ್ತೀರಿ. ಅವರು ಉಳಿದವರಿಗೆ ಕರೆ ಮಾಡಿ ಯಾರಾದರೂ ಏರಿಸುತ್ತೀರಾ ಎಂದು ಕೇಳುತ್ತಾರೆ. ಸಾವಿರ, ಎರಡು ಸಾವಿರ, ಐದು ಸಾವಿರವೆಂದು ಏರುತ್ತಾ ಹೋಗುತ್ತದೆ. ಕೆಲವು ಏಜೆಂಟರು ಇದನ್ನು ತಮ್ಮ ಜಾಲತಾಣದಲ್ಲೇ ಎಲ್ಲರಿಗೂ ಕಾಣುವಂತೆ ನಡೆಸುತ್ತಾರೆ. ನಮಗೆ ಅದೇ ಮೇಲೆನಿಸಿತು. ಎದುರಾಳಿ ಯಾರೆಂದು ಗೊತ್ತಾಗುವುದಿಲ್ಲ, ಹೀಗಾಗಿ ಇಲ್ಲದ ಬಿಡ್‌ದಾರರನ್ನು ತೋರಿಸಿ ಬೆಲೆ ಏರಿಸುತ್ತಿದ್ದಾರೆಯೇ ಎಂಬ ಅನುಮಾನ ಕಾಡುತ್ತದೆ. ಏಜೆಂಟರಿಗೆ ಪರವಾನಗಿ ಕೊಡುವ, ಅವರ ಮೇಲಿನ ದೂರು ಕೇಳುವ ಪ್ರಾಧಿಕಾರವೊಂದಿದೆ: ಪ್ರಾಪರ್ಟಿ ಸರ್ವಿಸಸ್ ರೆಗ್ಯುಲೇಟರಿ ಅಥಾರಿಟಿ. ಹಾಗಾಗಿ ಎಲ್ಲವನ್ನೂ ಬರವಣಿಗೆಯಲ್ಲೇ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡಿದ್ದನ್ನೂ ಆಮೇಲೆ ಇಮೇಲ್‌ನಲ್ಲಿ ಒಂದು ಸಾಲು ಬರೆದು ಖಚಿತಪಡಿಸಿಕೊಳ್ಳಿ. ಎದುರಿನವರಿಗೆ ಸಾಲ ಮಂಜೂರಾಗಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಏಜೆಂಟ್ ಎಷ್ಟೇ ಸ್ನೇಹದಿಂದ ಮಾತಾಡಿದರೂ ಅವರು ಮಾಲೀಕರ ಪರ, ಅವರಿಗೆ ಸಂಬಳ ಬರುವುದು ಅಲ್ಲಿಂದ. ನಿಮ್ಮ ಗರಿಷ್ಠ ಮಿತಿಯನ್ನು ಅವರಿಗೆ ಎಂದೂ ಹೇಳಬೇಡಿ. ಸಾಲದ ಒಪ್ಪಿಗೆ ಪತ್ರ ಕೇಳಿದರೆ ಪೂರ್ತಿ ಮೊತ್ತವಿರುವ ಪತ್ರ ಕೊಡುವುದು ಬೇಡ. ಈಗ ಹಾಕಿರುವ ಬಿಡ್‌ಗೆ ಸಾಕಾಗುವಷ್ಟು ಸಾಲವಿದೆ ಎಂದು ಬ್ರೋಕರ್ ಬರೆದುಕೊಡುತ್ತಾರೆ. ಮನೆ ನೋಡುವ ಮೊದಲೇ ಗಂಡ ಹೆಂಡತಿ ಕುಳಿತು ಆ ಮನೆಗೆ ಇಷ್ಟೇ ಎಂದು ಒಂದು ಅಂಕಿಯನ್ನು ಕಾಗದದ ಮೇಲೆ ಬರೆಯಿರಿ. ಶುಕ್ರವಾರ ಸಂಜೆ ಏಜೆಂಟ್ ಕರೆ ಮಾಡಿ ‘ಇನ್ನೆರಡು ಸಾವಿರವಷ್ಟೇ’ ಎಂದಾಗ ಆ ಕಾಗದವನ್ನು ನೋಡಿ. ಆ ಎರಡು ಸಾವಿರ ಆ ವಾರಾಂತ್ಯದಲ್ಲೇ ಹದಿನೈದು ಸಾವಿರವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಾಸ್ತುವಿನ ಬಗ್ಗೆ ಹಲವರು ಕೇಳುತ್ತಾರೆ, ಅದಕ್ಕೊಂದು ಮಾತು. ಇಲ್ಲಿನ ಸೂರ್ಯ ದಿನದ ಹೆಚ್ಚಿನ ಹೊತ್ತು ದಕ್ಷಿಣದ ಕಡೆಗೇ ವಾಲಿಕೊಂಡು ಸಾಗುತ್ತಾನೆ. ಅದಕ್ಕೇ ಹಿತ್ತಿಲು ದಕ್ಷಿಣಕ್ಕಿರುವ ಮನೆಗೆ ಐರಿಷರು ಹೆಚ್ಚು ಬೆಲೆ ಕೊಡುತ್ತಾರೆ. ಹಿತ್ತಿಲು ದಕ್ಷಿಣಕ್ಕಿದ್ದರೆ ಮುಂಬಾಗಿಲು ಸಾಮಾನ್ಯವಾಗಿ ಉತ್ತರಕ್ಕೆ. ನಮ್ಮ ಹಿರಿಯರಿಗೂ ಒಪ್ಪಿಗೆ, ಬಟ್ಟೆಯೂ ಒಣಗುತ್ತದೆ. ಪೂರ್ವದ ಬಾಗಿಲೇ ಬೇಕೆಂದರೆ ಹಿತ್ತಿಲು ಪಶ್ಚಿಮಕ್ಕೆ ಬರುತ್ತದೆ; ಬೇಸಿಗೆಯ ಸಂಜೆ ಒಂಬತ್ತರವರೆಗೂ ಬಿಸಿಲಿರುವ ಈ ದೇಶದಲ್ಲಿ ಅದೂ ಭಾಗ್ಯವೇ. ದಿಕ್ಕಿಗಿಂತ ಹೆಚ್ಚು ನೋಡಬೇಕಾದದ್ದು ಬಿಇಆರ್ ಅಕ್ಷರ. ಎ1ರಿಂದ ಜಿ ವರೆಗೆ ಮನೆಯ ಇಂಧನ ಕ್ಷಮತೆಯನ್ನು ಅಳೆಯುವ ಅಂಕ ಅದು. ಬಿ3 ಅಥವಾ ಅದಕ್ಕಿಂತ ಮೇಲಿದ್ದರೆ ಹಲವು ಬ್ಯಾಂಕುಗಳಲ್ಲಿ ಬಡ್ಡಿ ಕಡಿಮೆ. ಡಿ, ಇ ಮನೆಗಳಲ್ಲಿ ಜನವರಿಯ ಗ್ಯಾಸ್ ಬಿಲ್ ನೋಡಿದಾಗ ಕಣ್ಣು ಕತ್ತಲೆ ಬರುತ್ತದೆ. ಬೀರುವಿನ ಹಿಂದೆ ಬೂಷ್ಟು ಇದೆಯೇ ನೋಡಿ. ಅಡುಗೆಮನೆಯ ಹೊಗೆ ಹೀರುವ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುತ್ತದೆಯೇ ಅಥವಾ ಅಲ್ಲೇ ಸುತ್ತಿಸುತ್ತದೆಯೇ ಎಂದು ಕೇಳಿ. ನಮ್ಮ ಒಗ್ಗರಣೆಗೆ ಎರಡನೆಯದು ಆಗಿಬರುವುದಿಲ್ಲ.

ಬಿಡ್ ಗೆದ್ದ ಮೇಲೆ ಕಾಯುವ ಕಾಲ ಶುರುವಾಗುತ್ತದೆ. ಅದನ್ನು ಎಷ್ಟು ಕಿರಿದು ಮಾಡುತ್ತೀರೋ ಅಷ್ಟು ಕ್ಷೇಮ. ಸೇಲ್ ಅಗ್ರೀಡ್ ಆದ ದಿನವೇ ಸಾಲಿಸಿಟರ್ ಹೆಸರು ಕೊಡಬೇಕು, ಅಂದರೆ ಅವರನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಸರ್ವೇಯರನ್ನು ಅದೇ ವಾರ ಕಳಿಸಿ. ನಮ್ಮವರಿಗೆ ತಡವಾಗುವ ಇನ್ನೊಂದು ಜಾಗ ಜೀವವಿಮೆ: ಗೃಹಸಾಲಕ್ಕೆ ಸಾಮಾನ್ಯವಾಗಿ ವಿಮೆ ಕಡ್ಡಾಯ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದರೆ ವಿಮಾ ಕಂಪನಿ ವೈದ್ಯರ ವರದಿ ತರಿಸಿಕೊಳ್ಳುತ್ತದೆ, ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಬಿಡ್ ಹಾಕುವ ಹೊತ್ತಿಗೇ ಆ ಅರ್ಜಿ ಸಲ್ಲಿಸಿ. ಊರಿನ ಸೈಟು ಮಾರಿ ಹಣ ತರುವವರು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ, ಎನ್‌ಆರ್‌ಒ ಖಾತೆಯ ಕೆಲಸಗಳನ್ನು ತಿಂಗಳುಗಳ ಮೊದಲೇ ಮುಗಿಸಿ, ಹಣದ ಮೂಲದ ಪತ್ರಗಳನ್ನು ಜೋಡಿಸಿಟ್ಟುಕೊಳ್ಳಿ. ಸಾಲಿಸಿಟರ್ ಅವನ್ನು ಕೇಳಿಯೇ ಕೇಳುತ್ತಾರೆ.

ಜಾಹೀರಾತಿನಲ್ಲಿ ‘ಎಕ್ಸಿಕ್ಯೂಟರ್ ಸೇಲ್’ ಎಂದಿದ್ದರೆ ಮಾಲೀಕರು ತೀರಿಕೊಂಡಿದ್ದಾರೆ, ನ್ಯಾಯಾಲಯದಿಂದ ಪ್ರೊಬೇಟ್ (ಉಯಿಲಿಗೆ ಸಿಗುವ ಮಾನ್ಯತೆ) ಬಂದಿದೆಯೇ ಎಂದು ಮೊದಲು ಕೇಳಿ. ಬಂದಿರದಿದ್ದರೆ ನಿಮ್ಮ ಸಾಲದ ಒಪ್ಪಿಗೆಯ ಅವಧಿಯೇ ಮುಗಿದುಹೋಗಬಹುದು. ಕುಸಿತಕ್ಕೆ ಹಿಂದಿನ ಅಬ್ಬರದ ವರ್ಷಗಳಲ್ಲಿ ಡಬ್ಲಿನ್ ಉತ್ತರ ಭಾಗ, ಮೀತ್, ಕಿಲ್ಡೇರ್ ಕಡೆ ಕಟ್ಟಿದ ಕೆಲವು ಬಡಾವಣೆಗಳಲ್ಲಿ ನೆಲದಡಿಯ ಜಲ್ಲಿಯಲ್ಲಿ ಪೈರೈಟ್ ಖನಿಜವಿದೆ. ಅದು ಉಬ್ಬಿದರೆ ನೆಲ, ಗೋಡೆ ಬಿರಿಯುತ್ತವೆ. ಆ ತೊಂದರೆ ಇಲ್ಲ ಅಥವಾ ಸರಿಪಡಿಸಲಾಗಿದೆ ಎಂಬ ಪ್ರಮಾಣಪತ್ರ ಕೇಳಿ. 1991ರಿಂದ 2013ರ ನಡುವಿನ ಅಪಾರ್ಟ್‌ಮೆಂಟುಗಳಲ್ಲಿ ಶೇಕಡ 50ರಿಂದ 80ರಷ್ಟರಲ್ಲಿ ಅಗ್ನಿಸುರಕ್ಷೆ, ನೀರು ಸೋರಿಕೆ ಮೊದಲಾದ ದೋಷಗಳಿರಬಹುದು ಎಂದು ಸರ್ಕಾರಿ ಕಾರ್ಯತಂಡದ 2022ರ ವರದಿ ಅಂದಾಜು ಮಾಡಿದೆ. ಫ್ಲಾಟ್ ಕೊಳ್ಳುವವರು ಅದರ ನಿರ್ವಹಣಾ ಕಂಪನಿಯ ಲೆಕ್ಕಪತ್ರವನ್ನು ಸಾಲಿಸಿಟರ್ ಮೂಲಕ ಓದಿಸದೆ ಸಹಿ ಹಾಕಬೇಡಿ.

ಮನೆ ಕೈತಪ್ಪಿದ ದಿನ ಬಹಳ ನೋವಾಗುತ್ತದೆ. ಆದರೂ ಆ ಏಜೆಂಟ್‌ಗೆ ಅಂದೇ ಒಂದು ಇಮೇಲ್ ಬರೆಯಿರಿ: ಈ ಮಾರಾಟ ಮುರಿದುಬಿದ್ದರೆ ಇದೇ ಬೆಲೆಗೆ ನಾವು ಸಿದ್ಧ, ಸಾಲ ಮಂಜೂರಾಗಿದೆ, ನಮ್ಮ ಸಾಲಿಸಿಟರ್ ಇಂಥವರು, ಮಾರಬೇಕಾದ ಬೇರೆ ಮನೆ ನಮಗಿಲ್ಲ. ನಮ್ಮನ್ನು ನೋಯಿಸಿದ ಅದೇ ಸಡಿಲ ನಿಯಮ ಎದುರಿನವರಿಗೂ ಅನ್ವಯಿಸುತ್ತದೆ. ಬ್ಯಾಂಕ್ ಒಪ್ಪದೆ, ಸರ್ವೇ ಸರಿಬರದೆ, ಮನಸ್ಸು ಬದಲಾಗಿ ಎಷ್ಟೋ ಮಾರಾಟಗಳು ಮುರಿಯುತ್ತವೆ. ಕ್ಲಾನ್ಸಿಲ್ಲಾದ ಒಂದು ಮನೆಗೆ ನಾವು ಎರಡನೆಯವರಾಗಿ ನಿಂತಿದ್ದೆವು. ಏಳು ವಾರಗಳ ಮೇಲೆ, ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಆ ಏಜೆಂಟ್ ಕರೆ ಮಾಡಿ ‘ನಿಮಗೆ ಇನ್ನೂ ಆಸಕ್ತಿ ಇದೆಯೇ’ ಎಂದು ಕೇಳಿದರು. ಈ ಬಾರಿ ಅತ್ತೆಗೆ ಫೋನ್ ಮಾಡಿದ್ದು ಕರಾರಿಗೆ ಎರಡೂ ಕಡೆಯ ಸಹಿ ಬಿದ್ದ ಮೇಲೆ.