ವಿಂಡೋಸ್ 10 ಮುಗೀತು ಅಂತ ಹಳೇ ಪಿಸಿ ಗುಜರಿಗೆ ಹಾಕ್ಬೇಡಿ, ಲಿನಕ್ಸ್ ಹಾಕ್ಕೊಂಡು ಗೇಮ್ ಆಡೋದು ಹಿಂಗೆ

2025 ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನೋರು ವಿಂಡೋಸ್ 10ಗೆ ಸಪೋರ್ಟ್ ನಿಲ್ಸಿದ್ರಲ್ಲ, ಅಲ್ಲಿಂದ ನಮ್ಮ ತುಮಕೂರಲ್ಲಿ ಯಾರ ಬಾಯಲ್ಲಿ ಕೇಳಿದ್ರೂ ಒಂದೇ ಮಾತು, ಹಳೇ ಪಿಸಿ ಕೊಟ್ಟು ಹೊಸದು ತಗೋಬೇಕಂತೆ ಅಂತ. ಯಾಕೆ ತಗೋಬೇಕು? ವಿಂಡೋಸ್ 11ಗೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಬೇಕು, ಇಂಟೆಲ್ ಆದ್ರೆ 8ನೇ ಜನರೇಷನ್ ಮೇಲೆ ಇರ್ಬೇಕು, ಅದಕ್ಕೇ 6ನೇ 7ನೇ ಜನರೇಷನ್ ಐ5 ಇಟ್ಕೊಂಡಿರೋರೆಲ್ಲ ಹೊರಗೆ. ಆ ಮಷೀನ್‌ಗೆ ಏನೂ ಆಗಿಲ್ಲ, ಚೆನ್ನಾಗೇ ಓಡ್ತಿದೆ, ಕಂಪನಿ ಬೇಡ ಅಂದಿದೆ ಅಷ್ಟೇ. ಇದರ ಮೇಲೆ ಈಗ ಎಐ ಡೇಟಾ ಸೆಂಟರ್‌ನೋರು ಮೆಮೊರಿ ಎಲ್ಲಾ ಬಾಚ್ಕೊಂಡು ಹೋಗಿ ರ‍್ಯಾಮ್ ರೇಟ್ ಎಲ್ಲಿಗೋ ಹೋಗಿದೆ, ಮೈಕ್ರಾನ್ ಕಂಪನಿ ಅಂತೂ 2025 ಡಿಸೆಂಬರ್‌ನಲ್ಲಿ ನಮ್ಮಂಥೋರಿಗೆ ಮಾರ್ತಿದ್ದ ಕ್ರೂಷಿಯಲ್ ಬ್ರ್ಯಾಂಡೇ ನಿಲ್ಲಿಸ್ತೀವಿ ಅಂತ ಹೇಳ್ಬಿಡ್ತು. ಇಂಥಾ ಟೈಮಲ್ಲಿ ಹೊಸ ಪಿಸಿ ಕಟ್ಟೋದು ದುಡ್ಡು ಜಾಸ್ತಿ ಆದೋರ ಕೆಲಸ.

ವಿಂಡೋಸ್ 10ನಲ್ಲೇ ಇರ್ತೀನಿ ಅನ್ನೋರಿಗೆ ಎಕ್ಸ್‌ಟ್ರಾ ಸೆಕ್ಯೂರಿಟಿ ಅಪ್‌ಡೇಟ್ 2026 ಅಕ್ಟೋಬರ್ 13ರವರೆಗೆ ಸಿಗುತ್ತೆ, ಆಮೇಲೆ ಅದೂ ಇಲ್ಲ. ಹಂಗಾಗಿ ಲಿನಕ್ಸ್‌ಗೆ ಹೋಗೋ ದಾರಿ ಬರೀತಿದೀನಿ, ಲಿನಕ್ಸ್ ಅಂದ್ರೆ ವಿಂಡೋಸ್ ಜಾಗದಲ್ಲಿ ಹಾಕ್ಕೊಳೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್, ಅದರಲ್ಲಿ ಬೇರೆ ಬೇರೆ ಥರ ಇವೆ. ಟರ್ಮಿನಲ್ ಕಮ್ಯಾಂಡ್ ಒಂದೂ ಹಾಕಲ್ಲ, ಈಗ ಗೇಮ್ ಆಡೋಕೆ ಅದು ಬೇಕಾಗೇ ಇಲ್ಲ.

ಮೊದ್ಲು ನಿಮ್ಮ ಗೇಮ್ ಲಿಸ್ಟ್ ನೋಡಿ, ಲಿನಕ್ಸ್ ಆಮೇಲೆ

ಎಲ್ರೂ ಯಾವ ಲಿನಕ್ಸ್ ಹಾಕ್ಲಿ ಗುರು ಅಂತಾನೇ ಶುರು ಮಾಡ್ತಾರೆ. ಅದು ಉಲ್ಟಾ. ನೀವು ದಿನಾ ಏನು ಆಡ್ತೀರ ಅನ್ನೋದರ ಮೇಲೆ ನೀವು ಲಿನಕ್ಸ್‌ಗೆ ಬರ್ಬೇಕೋ ಬೇಡ್ವೋ ಅನ್ನೋದೇ ತೀರ್ಮಾನ ಆಗುತ್ತೆ, ಯಾವ ಲಿನಕ್ಸ್ ಅನ್ನೋದು ಚಿಕ್ಕ ವಿಷಯ.

ಒಬ್ರೇ ಕೂತ್ಕೊಂಡು ಆಡೋ ಗೇಮ್‌ಗಳು ಮುಕ್ಕಾಲು ಪಾಲು ಓಡ್ತವೆ. ಸೈಬರ್‌ಪಂಕ್, ರೆಡ್ ಡೆಡ್ 2, ಜಿಟಿಎ 5 ಸ್ಟೋರಿ, ಎಲ್ಡನ್ ರಿಂಗ್ ಆನ್‌ಲೈನ್ ಸಮೇತ, ಎಲ್ಲಾ ಓಕೆ. ಸಿಎಸ್ 2, ಡೋಟಾ 2 ಎರಡಕ್ಕೂ ಲಿನಕ್ಸ್‌ದೇ ವರ್ಷನ್ ಇದೆ. 2025 ಸೆಪ್ಟೆಂಬರ್‌ನಲ್ಲಿ ಬಂದ ಹಾಲೋ ನೈಟ್ ಸಿಲ್ಕ್‌ಸಾಂಗ್ ಕೂಡ ಮೊದಲ ದಿನದಿಂದ್ಲೇ ಲಿನಕ್ಸ್‌ಗೆ ಇತ್ತು. ಮೈನ್‌ಕ್ರಾಫ್ಟ್ ಜಾವಾ ಎಡಿಷನ್ ಕಣ್ಣುಮುಚ್ಕೊಂಡು ಹಾಕ್ಕೊಳಿ.

ತಲೆನೋವು ಇರೋದು ಆನ್‌ಲೈನ್ ಶೂಟರ್‌ಗಳಲ್ಲಿ, ಅದಕ್ಕೆ ಕಾರಣ ಆ್ಯಂಟಿ ಚೀಟ್, ಅಂದ್ರೆ ಮೋಸ ಮಾಡಿ ಆಡೋರನ್ನ ಹಿಡಿಯೋ ಸಾಫ್ಟ್‌ವೇರ್. ವ್ಯಾಲೊರಂಟ್ ಓಡಲ್ಲ. ಲೀಗ್ ಆಫ್ ಲೆಜೆಂಡ್ಸ್ ಮುಂಚೆ ಓಡ್ತಿತ್ತು, 2024 ಮೇನಲ್ಲಿ ಅದಕ್ಕೂ ವ್ಯಾಲೊರಂಟ್‌ನ ಆ್ಯಂಟಿ ಚೀಟ್ ವ್ಯಾನ್‌ಗಾರ್ಡ್ ತಂದ್ರು, ಅಲ್ಲಿಗೆ ನಿಂತೋಯ್ತು. ಜಿಟಿಎ ಆನ್‌ಲೈನ್ 2024 ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಅನ್ನೋ ಆ್ಯಂಟಿ ಚೀಟ್ ಬಂದ ಮೇಲೆ ಹೋಯ್ತು, ಅದೇ ವರ್ಷ ಅಕ್ಟೋಬರ್ ಕೊನೇಲಿ ಏಪೆಕ್ಸ್ ಲೆಜೆಂಡ್ಸ್‌ನೋರು ಲಿನಕ್ಸ್‌ನಿಂದ ಬರೋರನ್ನ ಹೊರಗೆ ಹಾಕಿದ್ರು. ಫೋರ್ಟ್‌ನೈಟ್ ಇಲ್ಲ, ಪಬ್‌ಜಿ ಇಲ್ಲ, ಇಎ ಎಫ್‌ಸಿ 24ರಿಂದ ಈಚಿನ ಫುಟ್‌ಬಾಲ್ ಗೇಮ್‌ಗಳಿಲ್ಲ, ಬ್ಯಾಟಲ್‌ಫೀಲ್ಡ್ 6 ಇಲ್ಲ. ಬಿಜಿಎಂಐ, ಫ್ರೀ ಫೈರ್ ಕೇಳೋರು ಸುಮ್ನೆ ಮೊಬೈಲ್‌ನಲ್ಲೇ ಆಡಿ.

ಒಂದು ವಿಷ್ಯ ತಿಳ್ಕೊಳಿ, ಇದು ಲಿನಕ್ಸ್‌ಗೆ ಶಕ್ತಿ ಇಲ್ಲ ಅಂತ ಅಲ್ಲ. ಈಸಿ ಆ್ಯಂಟಿ ಚೀಟ್ ಮತ್ತೆ ಬ್ಯಾಟಲ್‌ಐ ಎರಡೂ 2021ರಿಂದಲೇ ಪ್ರೋಟಾನ್‌ನಲ್ಲಿ (ವಿಂಡೋಸ್ ಗೇಮ್‌ನ ಲಿನಕ್ಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಕೆಲಸ ಮಾಡ್ತವೆ, ಗೇಮ್ ಮಾಡಿದೋರು ಆನ್ ಮಾಡ್ಬೇಕು, ಅವ್ರು ಮಾಡಲ್ಲ. ಚೀಟರ್‌ಗಳು ಲಿನಕ್ಸ್‌ನಿಂದ ಬರ್ತಾರೆ ಅನ್ನೋದು ಅವರ ವಾದ. ಅದರಲ್ಲಿ ಸ್ವಲ್ಪ ಸತ್ಯ ಇದೆ ಅಂತಾನೇ ಒಪ್ಕೊಳೋಣ, ಆದ್ರೆ ವಿಂಡೋಸ್‌ನಲ್ಲಿ ಆ್ಯಂಟಿ ಚೀಟ್ ಕರ್ನಲ್‌ವರೆಗೂ, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನವರೆಗೂ, ಕೈ ಹಾಕ್ಕೊಂಡು ಕೂತಿದ್ರೂ ಅಲ್ಲೇನು ಚೀಟರ್‌ಗಳು ಇಲ್ವಾ? ಆಟ ಆಡಕ್ಕೆ ಬಂದೋನ ಹತ್ರ ವಾಚ್‌ಮನ್ನು ಬೀರು ಕೀ ಕೇಳ್ದಂಗೆ ಇದು. ಕರ್ನಲ್ ಒಳಗೆ ಬೇರೆಯವರ ಕೋಡ್ ಬಿಟ್ಕೊಂಡ್ರೆ ಏನಾಗುತ್ತೆ ಅಂತ 2024 ಜುಲೈ 19ಕ್ಕೆ ಪ್ರಪಂಚಾನೇ ನೋಡ್ತು, ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ನೀಲಿ ಸ್ಕ್ರೀನ್ ಹಾಕ್ಕೊಂಡು ಮಲಗಿದ್ವು. ಅದು ಆ್ಯಂಟಿ ಚೀಟ್ ಅಲ್ಲ, ಸೆಕ್ಯೂರಿಟಿ ಸಾಫ್ಟ್‌ವೇರ್, ಆದ್ರೂ ಜಾಗ ಅದೇ.

ಎಫ್‌ಸಿ, ಬ್ಯಾಟಲ್‌ಫೀಲ್ಡ್ ಮಾಡೋ ಇಎ ಕಂಪನಿನ 5,500 ಕೋಟಿ ಡಾಲರ್‌ಗೆ ಕೊಳ್ಳೋಕೆ 2025 ಸೆಪ್ಟೆಂಬರ್‌ನಲ್ಲಿ ಒಪ್ಪಂದ ಆಯ್ತು, ಸೌದಿ ಫಂಡು, ಸಿಲ್ವರ್ ಲೇಕ್ ಎಲ್ಲಾ ಸೇರ್ಕೊಂಡು. ಅದರಲ್ಲಿ ದೊಡ್ಡ ಪಾಲು ಸಾಲ. ಅಷ್ಟು ಸಾಲ ತಲೆ ಮೇಲಿರೋ ಕಂಪನಿ ನಮ್ಮಂಥ ಮೂರು ಮತ್ತೊಂದು ಜನಕ್ಕೆ ಅಂತ ಎಫ್‌ಸಿನ ಲಿನಕ್ಸ್‌ಗೆ ತರುತ್ತೆ ಅನ್ನೋ ಆಸೆ ನನಗಂತೂ ಇಲ್ಲ, ನೀವೂ ಇಟ್ಕೋಬೇಡಿ.

ಚೆಕ್ ಮಾಡೋದು ಹೆಂಗಂದ್ರೆ, ಪ್ರೋಟಾನ್‌ಡಿಬಿ ಅನ್ನೋ ಸೈಟ್‌ನಲ್ಲಿ ಗೇಮ್ ಹೆಸರು ಹಾಕಿ. ಪ್ಲಾಟಿನಂ, ಗೋಲ್ಡ್ ಅಂದ್ರೆ ಧೈರ್ಯವಾಗಿ ಬನ್ನಿ, ಸಿಲ್ವರ್ ಅಂದ್ರೆ ಸ್ವಲ್ಪ ಒದ್ದಾಟ, ಬೋರ್ಕ್ಡ್ ಅಂದ್ರೆ ಬಿಟ್ಟಾಕಿ. ಬಣ್ಣ ಮಾತ್ರ ನೋಡ್ಬೇಡಿ, ಕೆಳಗೆ ಜನ ಬರೆದಿರೋದರಲ್ಲಿ ಇತ್ತೀಚಿನದನ್ನ ಓದಿ, ನಿಮ್ಮ ಥರದ್ದೇ ಕಾರ್ಡ್ ಇರೋರು ಏನಂದಿದಾರೆ ಅಂತ. ಆನ್‌ಲೈನ್ ಗೇಮ್ ಆದ್ರೆ ಆರ್ ವಿ ಆ್ಯಂಟಿ ಚೀಟ್ ಯೆಟ್ ಅಂತ ಇನ್ನೊಂದು ಸೈಟ್ ಇದೆ, ಅದನ್ನೂ ನೋಡಿ. ನೀವು ಆಡೋದು ವ್ಯಾಲೊರಂಟ್ ಒಂದೇ ಅಂದ್ರೆ ಇಲ್ಲಿಗೇ ನಿಲ್ಸಿ, ಮುಂದೆ ಓದಿ ಉಪಯೋಗ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಯಾವುದು

ಇದು ಎರಡನೇ ಮುಖ್ಯ ವಿಷ್ಯ. ಪ್ರೋಟಾನ್ ಅಂದ್ರೆ 2018ರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ನಡೆಸೋ ವಾಲ್ವ್‌ನೋರು ಬಿಟ್ಟಿದ್ದು, ವಿಂಡೋಸ್ ಪ್ರೋಗ್ರಾಂನ ಲಿನಕ್ಸ್‌ನಲ್ಲಿ ಓಡಿಸೋ ವೈನ್ ಅನ್ನೋ ಸಾಫ್ಟ್‌ವೇರ್ ಮೇಲೆ ಕಟ್ಟಿರೋದು. ವಿಂಡೋಸ್ ಗೇಮ್ ಡೈರೆಕ್ಟ್‌ಎಕ್ಸ್‌ನಲ್ಲಿ ಮಾತಾಡಿದ್ರೆ ಅದನ್ನ ಲಿನಕ್ಸ್‌ನಲ್ಲಿ ಓಡೋ ವಲ್ಕನ್ ಅನ್ನೋ ಗ್ರಾಫಿಕ್ಸ್ ಭಾಷೆಗೆ ತಿರುಗಿಸಿ ಕಾರ್ಡ್‌ಗೆ ಕೊಡುತ್ತೆ. ಹಂಗಾಗಿ ನಿಮ್ಮ ಕಾರ್ಡ್‌ಗೆ ವಲ್ಕನ್ 1.3 ಬರ್ಬೇಕು, ಇಲ್ಲಾಂದ್ರೆ ಹೊಸ ಪ್ರೋಟಾನ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಗೇಮ್ ಏಳೋದೇ ಇಲ್ಲ. ಜಿಟಿ 710, ಕೆಪ್ಲರ್ ಚಿಪ್ ಇರೋ ಜಿಟಿ 730 ಇಟ್ಕೊಂಡಿರೋರಿಗೆ ಕಷ್ಟ. ಕಾರ್ಡೇ ಇಲ್ಲ, ಇಂಟೆಲ್ ಒಳಗಿನ ಗ್ರಾಫಿಕ್ಸೇ ಅಂದ್ರೆ 6ನೇ ಜನರೇಷನ್‌ನಿಂದ ಮೇಲೆ ಇದ್ರೆ ಸಣ್ಣಪುಟ್ಟ ಗೇಮ್ ಆಡ್ಬೋದು.

ಎಎಂಡಿ ಕಾರ್ಡ್ ಇದ್ರೆ ನೀವು ಪುಣ್ಯ ಮಾಡಿದೀರ. ಆರ್‌ಎಕ್ಸ್ 570, 580 ಥರದ ಹಳೇ ಕಾರ್ಡ್‌ಗೂ ಡ್ರೈವರ್ ಲಿನಕ್ಸ್ ಒಳಗೇ ಬರುತ್ತೆ, ನೀವು ಏನೂ ಇನ್‌ಸ್ಟಾಲ್ ಮಾಡಂಗಿಲ್ಲ. ಬೆಂಗಳೂರು ಎಸ್‌ಪಿ ರೋಡ್‌ಗೆ ಹೋಗಿ ಸೆಕೆಂಡ್ಸ್ ತರೋ ಪ್ಲ್ಯಾನ್ ಇದ್ರೆ ಎಎಂಡಿನೇ ನೋಡಿ, ಆದ್ರೆ 580ಗಳಲ್ಲಿ ಮೈನಿಂಗ್‌ಗೆ ಹಾಕಿ ಹಿಂಡಿರೋವು ಜಾಸ್ತಿ, ಅಂಗಡೀಲೇ ಅರ್ಧ ಗಂಟೆ ಗೇಮ್ ಓಡ್ಸಿ ತೋರಿಸಿ ಅಂತ ಕೂತ್ಕೊಳಿ, ಮುಖ ಸಿಂಡರಿಸಿದ್ರೆ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತೆ.

ಎನ್‌ವಿಡಿಯಾ ಇರೋರು ಇದನ್ನ ಸರಿಯಾಗಿ ಓದಿ. ಜಿಟಿಎಕ್ಸ್ 750 ಟಿಐ, 960, 1050 ಟಿಐ, 1060 ಇವಕ್ಕೆಲ್ಲ 580 ನಂಬರ್‌ನ ಡ್ರೈವರೇ ಕೊನೇದು (ಮೇಲೆ ಹೇಳಿದ ಆರ್‌ಎಕ್ಸ್ 580ಗೂ ಇದಕ್ಕೂ ಸಂಬಂಧ ಇಲ್ಲ, ನಂಬರ್ ಒಂದೇ ಆಗಿದೆ ಅಷ್ಟೇ). ಅಂದ್ರೆ ಕಾರ್ಡ್ ಈಗ್ಲೇ ಸತ್ತೋಗಲ್ಲ, ಹೊಸ ನಂಬರ್ ಡ್ರೈವರ್ ಬಂತು ಅಂತ ಏರಿಸಿದ್ರೆ ಸ್ಕ್ರೀನ್ ಕಪ್ಪು, ಅಷ್ಟೇ. ಈ ಕಾರ್ಡ್ ಇರೋರು ದಿನಕ್ಕೊಂದು ಅಪ್‌ಡೇಟ್ ಬರೋ ಆರ್ಚ್ ಅನ್ನೋ ಲಿನಕ್ಸ್ ಕಡೆ ತಲೆ ಹಾಕ್ಬೇಡಿ, ನಿಧಾನಕ್ಕೆ ಹೋಗೋ ಲಿನಕ್ಸ್ ಹಿಡೀರಿ.

ಯಾವ ಲಿನಕ್ಸ್

ಮಿಂಟ್ ಇಲ್ಲಾ ಬಝೈಟ್. ಮುಗೀತು.

ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಮನೇಲಿ ಅಪ್ಪ ಅಮ್ಮನೂ ಅದೇ ಪಿಸಿ ಬಳಸ್ತಾರೆ, ಪ್ರಿಂಟರ್ ಬೇಕು, ಆನ್‌ಲೈನ್ ಅರ್ಜಿ ಹಾಕ್ಬೇಕು ಅಂದ್ರೆ ಲಿನಕ್ಸ್ ಮಿಂಟ್ 22. ನೋಡೋಕೆ ಹಳೇ ವಿಂಡೋಸ್ ಥರಾನೇ ಇದೆ, 2029ರವರೆಗೆ ಸಪೋರ್ಟ್, ಎನ್‌ವಿಡಿಯಾ ಡ್ರೈವರ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿದ್ರೆ ಬರುತ್ತೆ. ಗೇಮ್ ಒಂದೇ ಕೆಲಸ, ಟಿವಿಗೆ ಹಾಕ್ಕೊಂಡು ಕಂಟ್ರೋಲರ್‌ನಲ್ಲಿ ಆಡ್ತೀನಿ ಅಂದ್ರೆ ಬಝೈಟ್, ಡೌನ್‌ಲೋಡ್ ಪೇಜ್‌ನಲ್ಲೇ ನಿಮ್ಮ ಕಾರ್ಡ್ ಯಾವುದು ಅಂತ ಕೇಳಿ ಅದಕ್ಕೆ ತಕ್ಕಂತೆ ಕೊಡುತ್ತೆ, ಅಪ್‌ಡೇಟ್ ಆಗಿ ಏನಾದ್ರೂ ಕೆಟ್ರೆ ಹಿಂದಿನದಕ್ಕೆ ವಾಪಸ್ ಹೋಗ್ಬೋದು. ಅದು ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿರೋದು, 2025 ಜೂನ್‌ನಲ್ಲಿ ಫೆಡೋರಾದಲ್ಲಿ 32 ಬಿಟ್ ಪ್ಯಾಕೇಜ್ ತೆಗೀಬೇಕು ಅಂತ ಪ್ರಸ್ತಾಪ ಬಂದು ಗಲಾಟೆ ಆಗಿತ್ತು, ಹಳೇ ಗೇಮ್‌ಗಳಿಗೂ ಸ್ಟೀಮ್‌ಗೂ ಅದು ಬೇಕು, ಕೊನೆಗೆ ಪ್ರಸ್ತಾಪ ವಾಪಸ್ ತಗೊಂಡ್ರು. ಕೂಗಾಡಿದ್ರೆ ಕೇಳೋರು ಇದಾರೆ ಅನ್ನೋದೇ ನನಗೆ ಇಲ್ಲಿ ಇಷ್ಟ ಆಗೋದು.

ಹಾಕೋದು

8 ಜಿಬಿ ಪೆನ್‌ಡ್ರೈವ್ ಮಿಂಟ್‌ಗೆ ಸಾಕು, ಬಝೈಟ್‌ಗೆ 16 ಇಟ್ಕೊಳಿ. ಲಿನಕ್ಸ್‌ನ ಸೈಟ್‌ನಿಂದ ಇಳಿಸಿದ ಫೈಲ್‌ನ ರೂಫಸ್ ಇಲ್ಲಾ ಬಲೀನಾ ಎಚರ್ ಅನ್ನೋ ಆ್ಯಪ್‌ನಲ್ಲಿ ಪೆನ್‌ಡ್ರೈವ್‌ಗೆ ಬರೀರಿ. ಅದಕ್ಕೂ ಮುಂಚೆ ಫೋಟೋ, ಪ್ರಾಜೆಕ್ಟ್ ಎಲ್ಲಾ ಬೇರೆ ಡಿಸ್ಕ್‌ಗೆ ಕಾಪಿ ಮಾಡ್ಕೊಳಿ, ಆಮೇಲೆ ಅಯ್ಯೋ ಅಂದ್ರೆ ಬರಲ್ಲ. ಲ್ಯಾಪ್‌ಟಾಪ್ ಆದ್ರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಆನ್ ಇದೆಯಾ ನೋಡಿ, ಇದ್ರೆ ಅದರ ಕೀ ಬರೆದಿಟ್ಕೊಳಿ. ವಿಂಡೋಸ್‌ನೂ ಉಳಿಸ್ಕೊತೀನಿ ಅನ್ನೋರು ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲಾಂದ್ರೆ ವಿಂಡೋಸ್ ಡಿಸ್ಕ್ ಅರ್ಧ ನಿದ್ದೇಲಿ ಇರುತ್ತೆ, ಲಿನಕ್ಸ್‌ನಿಂದ ಬರೆಯೋಕೆ ಬಿಡಲ್ಲ. ಆದ್ರೆ ಬೇರೆ ಎಸ್‌ಎಸ್‌ಡಿ ಹಾಕ್ಕೊಂಡು ಲಿನಕ್ಸ್ ಅದರಲ್ಲೇ ಇಟ್ಟುಬಿಡಿ, 2024 ಆಗಸ್ಟ್‌ನ ಒಂದು ವಿಂಡೋಸ್ ಅಪ್‌ಡೇಟ್ ಎಷ್ಟೋ ಜನರ ಲಿನಕ್ಸ್ ಬೂಟ್ ಆಗದಂಗೆ ಮಾಡಿತ್ತು.

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮಿಂಟ್‌ನ ಇನ್‌ಸ್ಟಾಲ್ ಮಾಡದೇನೇ ನೋಡ್ಬೋದು, ವೈಫೈ ಬರುತ್ತಾ, ಸೌಂಡ್ ಬರುತ್ತಾ ಅಂತ. ಬಂದ್ರೆ ಇನ್‌ಸ್ಟಾಲ್ ಒತ್ತಿ. ಯುಪಿಎಸ್ ಇಲ್ಲದೋರು ಬೆಸ್ಕಾಂ ಕರೆಂಟ್ ತೆಗೆಯೋ ಟೈಮ್ ನೋಡ್ಕೊಂಡು ಕೂತ್ಕೊಳಿ, ಮಧ್ಯದಲ್ಲಿ ಹೋದ್ರೆ ಮೊದಲಿಂದ. ಸೆಕ್ಯೂರ್ ಬೂಟ್ ಆನ್ ಇದ್ದು ಎನ್‌ವಿಡಿಯಾ ಇದ್ರೆ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್‌ನಲ್ಲಿ ಎನ್‌ರೋಲ್ ಅಂತ ಬರುತ್ತೆ, ಗಾಬರಿ ಆಗಿ ಮುಚ್ಬೇಡಿ, ಅದೇ ಪಾಸ್‌ವರ್ಡ್ ಹಾಕಿ.

ಕನ್ನಡ ಟೈಪಿಂಗ್‌ಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿ, ಅದರ ಎಂ17ಎನ್ ಲಿಸ್ಟ್‌ನಲ್ಲಿ ಕೆಜಿಪಿ ಕೀಬೋರ್ಡ್ ಆಯ್ಕೆ ಮಾಡಿ, ನುಡಿ ಅಭ್ಯಾಸ ಇರೋರಿಗೆ ಕೈ ತಾನೇ ಹೋಗುತ್ತೆ.

ಸ್ಟೀಮ್

ಬಝೈಟ್‌ನಲ್ಲಿ ಸ್ಟೀಮ್ ಮೊದಲೇ ಇರುತ್ತೆ, ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ಅಂತ ಇದೆ, ಎಲ್ಲಾ ಗೇಮ್‌ಗೂ ಪ್ರೋಟಾನ್ ಅನ್ನೋದು ಆಫ್ ಇದ್ರೆ ಆನ್ ಮಾಡಿ. ಅಷ್ಟೇ, ಇನ್‌ಸ್ಟಾಲ್ ಒತ್ತಿ, ಆಡಿ. ಒಂದು ಗೇಮ್ ಹಠ ಮಾಡಿದ್ರೆ ಅದರ ಪ್ರಾಪರ್ಟೀಸ್‌ಗೆ ಹೋಗಿ ಪ್ರೋಟಾನ್ ಎಕ್ಸ್‌ಪೆರಿಮೆಂಟಲ್ ಹಾಕಿ ನೋಡಿ, ಅದಕ್ಕೂ ಬಗ್ಗದೇ ಇದ್ರೆ ಪ್ರೋಟಾನ್‌ಅಪ್ ಕ್ಯೂಟಿ ಅನ್ನೋ ಆ್ಯಪ್‌ನಿಂದ ಪ್ರೋಟಾನ್ ಜಿಇ ಅನ್ನೋ ಬೇರೆಯವರು ಮಾಡಿರೋ ಪ್ರೋಟಾನ್ ಇಳಿಸ್ಕೊಳಿ, ಕಟ್‌ಸೀನ್ ವಿಡಿಯೋ ಬರ್ದೇ ಇರೋ ಗೇಮ್‌ಗೆ ಇದೇ ಮದ್ದು. ಗೇಮ್ ಶುರು ಆಗೋಕೆ ಮುಂಚೆ ವಲ್ಕನ್ ಶೇಡರ್ಸ್ ಅಂತ ಪರ್ಸೆಂಟೇಜ್ ಓಡ್ತಾ ಇರುತ್ತಲ್ಲ, ಹ್ಯಾಂಗ್ ಆಯ್ತು ಅನ್ಕೋಬೇಡಿ, ಕಾಯಿರಿ, ಇಲ್ಲಾಂದ್ರೆ ಸ್ಕಿಪ್ ಮಾಡಿ, ಸ್ಕಿಪ್ ಮಾಡಿದ್ರೆ ಆಟದ ಮಧ್ಯೆ ಸ್ವಲ್ಪ ಜರ್ಕ್ ಹೊಡೆಯುತ್ತೆ.

ವಿಂಡೋಸ್‌ನ ಡಿ ಡ್ರೈವ್‌ನಲ್ಲಿ ಇರೋ ಗೇಮ್‌ಗಳನ್ನೇ ಲಿನಕ್ಸ್‌ನಿಂದ ಓಡಿಸ್ತೀನಿ ಅಂತ ಜಾಣತನ ಮಾಡೋಕೆ ಹೋಗ್ಬೇಡಿ. ಅದು ಎನ್‌ಟಿಎಫ್‌ಎಸ್, ಅಂದ್ರೆ ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್, ಪ್ರೋಟಾನ್ ಮಾಡ್ಕೊಳೋ ಕೆಲವು ಫೈಲ್ ಹೆಸರು ಅದಕ್ಕೆ ಒಗ್ಗಲ್ಲ, ಇವತ್ತು ಓಡಿ ನಾಳೆ ಕೈ ಕೊಡುತ್ತೆ. ಗೇಮ್ ಡಿಸ್ಕ್‌ನ ಲಿನಕ್ಸ್‌ನ ಎಕ್ಸ್‌ಟ್4ಗೆ ಫಾರ್ಮ್ಯಾಟ್ ಮಾಡಿ.

ಎಪಿಕ್, ಜಿಒಜಿ ಅನ್ನೋ ಬೇರೆ ಗೇಮ್ ಅಂಗಡಿಗಳಲ್ಲಿ ತಗೊಂಡ ಗೇಮ್‌ಗಳಿಗೆ ಹೀರೋಯಿಕ್ ಲಾಂಚರ್ ಹಾಕಿ. ಜಿಒಜಿ ಬಗ್ಗೆ ಒಂದು ಮಾತು, ಯೂಬಿಸಾಫ್ಟ್‌ನೋರು ದಿ ಕ್ರೂ ಗೇಮ್‌ನ ಸರ್ವರ್‌ನ 2024 ಮಾರ್ಚ್ 31ಕ್ಕೆ ಮುಚ್ಚಿದ್ರು, ದುಡ್ಡು ಕೊಟ್ಟು ತಗೊಂಡೋರಿಗೆ ಒಬ್ಬರೇ ಆಡೋಕೂ ಆಗದಂಗೆ ಹೋಯ್ತು. ಅದರಿಂದಲೇ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಹುಟ್ಟಿ 2025 ಜುಲೈನಲ್ಲಿ ಯುರೋಪ್‌ನಲ್ಲಿ 10 ಲಕ್ಷ ಸಹಿ ದಾಟ್ತು. ಅಲ್ಲಿ ಕಾನೂನು ಬರ್ಲಿ ಬಿಡ್ಲಿ, ಸೇಲ್‌ನಲ್ಲಿ ಎರಡೂ ಕಡೆ ಒಂದೇ ರೇಟ್ ಇದ್ರೆ ನಾನು ಜಿಒಜಿಲೇ ತಗೊಳೋದು, ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಕೊಂಡ್ರೆ ಯಾವ ಸರ್ವರ್ ಮುಚ್ಚಿದ್ರೂ ನನಗೇನು.

ಸ್ಟೀಮ್ ಮಷೀನ್‌ಗೆ ಕಾಯ್ಬೇಕಾ

ಬೇಡ. 2025 ನವೆಂಬರ್ 12ಕ್ಕೆ ವಾಲ್ವ್‌ನೋರು ಸ್ಟೀಮ್ ಮಷೀನ್ (ಲಿನಕ್ಸ್‌ನಲ್ಲಿ ಓಡೋ ಗೇಮ್ ಡಬ್ಬ), ಸ್ಟೀಮ್ ಫ್ರೇಮ್ (ವಿಆರ್ ಹೆಡ್‌ಸೆಟ್), ಹೊಸ ಕಂಟ್ರೋಲರ್ ಮೂರೂ ತೋರಿಸಿದ್ರು, ಚೆನ್ನಾಗೇ ಇದೆ, ಆದ್ರೆ 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್‌ನೇ ಅವ್ರು ಇಂಡಿಯಾದಲ್ಲಿ ಅಫೀಶಿಯಲ್ ಆಗಿ ಮಾರಿಲ್ಲ, ಗ್ರೇ ಮಾರ್ಕೆಟ್‌ನಲ್ಲಿ ವಾರಂಟಿ ಇಲ್ಲದೆ ತಗೊಳೋ ಕರ್ಮ. ನಮಗೆ ಬರೋ ಲಾಭ ಬೇರೆ, ಆ ಡಬ್ಬಕ್ಕೆ ಅಂತ ಅವ್ರು ಪ್ರೋಟಾನ್‌ಗೆ ಮಾಡೋ ಕೆಲಸ ಎಲ್ಲಾ ನಿಮ್ಮ ಹಳೇ ಐ5ಗೂ ಪುಕ್ಕಟೆ ಬರುತ್ತೆ. ಸ್ಟೀಮ್ ಸರ್ವೆಯಲ್ಲಿ ಲಿನಕ್ಸ್ 2025 ಅಕ್ಟೋಬರ್‌ನಲ್ಲಿ ಮೊದಲ ಸಲ 3% ದಾಟಿದೆ.

ಕೊನೇದಾಗಿ ಡೇಟಾ. 100 ಜಿಬಿ ಗೇಮ್ ಮತ್ತೆ ಡೌನ್‌ಲೋಡ್ ಮಾಡೋ ಮುಂಚೆ ಹಾಸ್ಟೆಲ್‌ನಲ್ಲೋ ಮನೇಲೋ ಅದೇ ರೌಟರ್‌ನಲ್ಲಿ ಆ ಗೇಮ್ ಇರೋ ಇನ್ನೊಂದು ಪಿಸಿ ಇದೆಯಾ ನೋಡಿ. ಇದ್ರೆ ಎರಡರಲ್ಲೂ ಸ್ಟೀಮ್ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ಟ್ರಾನ್ಸ್‌ಫರ್ ಆನ್ ಮಾಡಿ, ಆ ಕಡೆ ವಿಂಡೋಸ್ ಇದ್ರೂ ಪರವಾಗಿಲ್ಲ, ಪ್ರೋಟಾನ್‌ನಲ್ಲಿ ಓಡೋದು ಅದೇ ಫೈಲ್‌ಗಳು ತಾನೆ. ಕೇಬಲ್ ಹಾಕ್ಕೊಂಡ್ರೆ ಇನ್ನೂ ಬೇಗ ಬರುತ್ತೆ, ವೈಫೈನಲ್ಲಿ ಆದ್ರೆ ರಾತ್ರಿ ಹಾಕಿ ಮಲ್ಕೊಳಿ.