ಅಮ್ಮಿಯ ಹೆಸರಲ್ಲಿ ನೀರು

ಅಮ್ಮಿ ತೀರಿಕೊಂಡು ಮೂರನೇ ದಿನದ ಜಿಯಾರತ್ ಮುಗಿಯುವಷ್ಟರಲ್ಲೇ ಮನೆಯಲ್ಲಿ ದಾನದ ಮಾತು ಎದ್ದಿತ್ತು. ಮಸೀದಿಗೆ ಕಾರ್ಪೆಟ್ ಹಾಕಿಸೋಣ ಅಂದವರು ಒಬ್ಬರು, ಮದರಸಾಕ್ಕೆ ಖುರಾನ್ ಪ್ರತಿ ಕೊಡೋಣ ಅಂದವರು ಇನ್ನೊಬ್ಬರು. ನಮ್ಮ ಮಾಮು ಆಗಲೇ ನಲವತ್ತನೇ ದಿನದ ಚಾಲೀಸ್ವಾಕ್ಕೆ ಎಷ್ಟು ದೇಗ್ (ದೊಡ್ಡ ಹಂಡೆ) ಬಿರಿಯಾನಿ ಎಂದು ಬೆರಳು ಮಡಚುತ್ತಿದ್ದರು. ಯಾರ ಮನಸ್ಸೂ ಕೆಟ್ಟದ್ದಲ್ಲ. ಆದರೆ ದುಃಖದಲ್ಲಿರುವ ಮನೆಯಿಂದ ಹಣ ಬಹಳ ಬೇಗ ಹೊರಟುಹೋಗುತ್ತದೆ, ಎಲ್ಲಿಗೆ ಹೋಯಿತು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ನಾವು ಏನು ಮಾಡಿದೆವು, ಯಾವುದನ್ನು ಬಿಟ್ಟೆವು ಅಂತ ಪರಿಚಯದವರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಕಡೆ. ಮನೆಯಲ್ಲಿ ದಖನಿ ಉರ್ದು, ನನ್ನ ಕೆಲಸ ಕನ್ನಡ ಮೇಷ್ಟರದ್ದು. ಅಮ್ಮಿ ಬದುಕಿನ ಹೆಚ್ಚು ಭಾಗ ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲೇ ಕಳೆದವರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಅವರ ಬೆರಳ ತುದಿಗಳು ಯಾವಾಗಲೂ ನೆನೆದು ಬಿಳಿಚಿಕೊಂಡೇ ಇರುತ್ತಿದ್ದವು.

ದಾನಕ್ಕೆ ಮೊದಲು ಸಾಲ. ಇದನ್ನು ನಮ್ಮ ಕಡೆ ಜನಾಜಾ ನಮಾಜಿನ (ಅಂತ್ಯಪ್ರಾರ್ಥನೆಯ) ಹೊತ್ತಿಗೇ ಹೇಳಿಬಿಡುತ್ತಾರೆ. ಮಗನೋ ತಮ್ಮನೋ ಸಾಲಿನ ಮುಂದೆ ನಿಂತು, "ತೀರಿಕೊಂಡವರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನನ್ನನ್ನು ಕೇಳಿ" ಅನ್ನುತ್ತಾರೆ. ನಾನೂ ಹೇಳಿದೆ. ಗಂಡಸರ ಸಾಲಿನಲ್ಲಿ ಯಾರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಅಮ್ಮಿಯ ಲೇವಾದೇವಿ ಎಲ್ಲ ಹೆಂಗಸರ ಜೊತೆ. ಆಪಾ, ಅಂದರೆ ನನ್ನ ಅಕ್ಕ, ಒಳಗೆ ವಿಚಾರಿಸಿದಾಗ ಹೊರಬಂತು: ಬೀದಿಯ ಹೆಂಗಸರ ಚೀಟಿಯನ್ನು ಅಮ್ಮಿ ಮೊದಲೇ ಎತ್ತಿಕೊಂಡಿದ್ದರು, ಕಂತುಗಳು ಬಾಕಿ ಇದ್ದವು. ಹಾಲಿನವಳಿಗೆ ಒಂದಿಷ್ಟು, ಬಟ್ಟೆ ವ್ಯಾಪಾರದವನಿಗೆ ಒಂದಿಷ್ಟು. ಸಾಲ ಉಳಿಸಿಕೊಂಡ ಮುಸ್ಲಿಮನ ಆತ್ಮ ಅದು ತೀರುವವರೆಗೂ ತೂಗಾಡುತ್ತಿರುತ್ತದೆ ಎಂದು ಹದೀಸ್, ಅಂದರೆ ಪೈಗಂಬರರ ಮಾತು, ಇದೆ. ನಿಮ್ಮ ಮನೆಯಲ್ಲೂ ಇಂಥದ್ದು ಬಂದರೆ, ದಯವಿಟ್ಟು ಹೆಂಗಸರನ್ನು ಹೆಂಗಸರೇ ಕೇಳಲಿ.

ಎರಡನೆಯದು ರೋಜಾ. ಇನ್ಸುಲಿನ್ ಶುರುವಾದ ಮೇಲೆ ಅಮ್ಮಿಗೆ ರಮ್ಜಾನ್ ಉಪವಾಸ ಹಿಡಿಯಲು ಆಗಲಿಲ್ಲ. "ನನ್ನ ರೋಜಾ ಬಾಕಿ ಇವೆ, ನೀವು ಮರೀಬೇಡಿ" ಎಂದು ಕೊನೆಯ ವರ್ಷ ಪದೇ ಪದೇ ಹೇಳುತ್ತಿದ್ದರು. ನಮ್ಮ ಮೊಹಲ್ಲಾದ ಹಜ್ರತ್ (ಮಸೀದಿಯ ಗುರುಗಳು) ಇದನ್ನು ಕೇಳಿದವರೇ, ಇದು ವಸಿಯತ್, ಉಯಿಲಿದ್ದಂತೆ, ಆಯಿತು ಅಂದರು. ಅಂದರೆ ಕಫನ್ ದಫನ್ ಖರ್ಚು, ಸಾಲ ಇವು ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗದೊಳಗೆ ಇದನ್ನು ತೀರಿಸಬೇಕು. ಬಿಟ್ಟ ಒಂದು ಉಪವಾಸಕ್ಕೆ ಒಬ್ಬ ಬಡವರಿಗೆ ಎರಡು ಹೊತ್ತಿನ ಊಟ, ಇಲ್ಲವೇ ಅಷ್ಟು ಬೆಲೆಯ ಧಾನ್ಯ. ಇದಕ್ಕೆ ಫಿದ್ಯಾ ಅನ್ನುತ್ತಾರೆ. ಲೆಕ್ಕ ಸುಲಭ, ಈದ್‌ಗೆ ಮುಂಚೆ ಜಮಾತಿನವರು ಒಂದು ತಲೆಗೆ ಇಷ್ಟು ಎಂದು ಬಡವರಿಗೆ ಕೊಡುವ ಫಿತ್ರಾ ಪ್ರಕಟಿಸುತ್ತಾರಲ್ಲ, ಅದೇ ದರ. ಇನ್ಸುಲಿನ್ ಯಾವ ವರ್ಷ ಶುರುವಾಯಿತು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಡಾಕ್ಟರ ಹಳೆಯ ಚೀಟಿಗಳ ಕಟ್ಟು ಬಿಚ್ಚಿ ತಾರೀಖು ನೋಡಿದೆವು. ಧಾನ್ಯ ಹೋದದ್ದು ಅಮ್ಮಿಯ ಜೊತೆ ಬಿಚ್ಚಾಣಿಕೆ ಮಾಡುತ್ತಿದ್ದ ಗಂಡನಿಲ್ಲದ ಹೆಂಗಸರ ಮನೆಗಳಿಗೆ. ಸತ್ತವರ ಮಕ್ಕಳು ಮೊಮ್ಮಕ್ಕಳಿಗೆ ಇದು ಸಲ್ಲುವುದಿಲ್ಲ, ಅಣ್ಣತಮ್ಮ, ಅಕ್ಕತಂಗಿಯಂಥ ಬಡ ಬಂಧುಗಳಿಗೆ ಕೊಡಬಹುದು.

ಆಮೇಲೆ ಪಾಲು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇಲ್ಲೇ ಎಡವುತ್ತಾರೆ. ಅಮ್ಮಿ ಬಿಟ್ಟುಹೋದದ್ದು ಒಂದು ಜೊತೆ ಬಳೆ, ಝುಮ್ಕಿ, ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲಿ ಸ್ವಲ್ಪ ಹಣ. "ಬಳೆ ಮಾರಿ ಅಮ್ಮಿಯ ಹೆಸರಲ್ಲೇ ಏನಾದರೂ ಮಾಡಿಬಿಡೋಣ" ಎಂದು ಗಲ್ಫ್‌ನಿಂದ ಬಂದಿದ್ದ ತಮ್ಮ ಅಂದ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಉಸಿರು ನಿಂತ ಕ್ಷಣದಿಂದ ಆ ಬಳೆ ಅಮ್ಮಿಯದಲ್ಲ, ವಾರಸುದಾರರದು. ತುಂಬಿದ ಮನೆಯಲ್ಲಿ, ಎಲ್ಲರೂ ಕಣ್ಣೊರೆಸಿಕೊಳ್ಳುವಾಗ, ನನ್ನ ಪಾಲು ನನಗೆ ಬೇಕು ಎಂದು ಯಾವ ಹೆಣ್ಣುಮಗಳು ಬಾಯಿಬಿಟ್ಟಾಳು? ಹಾಗಾಗಿ ಮೊದಲು ಎಲ್ಲವನ್ನೂ ಶರಿಯತ್ ಲೆಕ್ಕದಂತೆ ಐದು ಭಾಗ ಮಾಡಿ ಗಂಡುಮಕ್ಕಳಾದ ನಮ್ಮಿಬ್ಬರಿಗೆ ಎರಡೆರಡು, ಆಪಾಗೆ ಒಂದು ಅಂತ ಕೈಗೇ ಕೊಟ್ಟೆವು. ವಾರಸುದಾರರಲ್ಲಿ ಚಿಕ್ಕ ಮಕ್ಕಳಿದ್ದರಂತೂ ಅವರ ಪಾಲನ್ನು ಯಾರೂ ದಾನಕ್ಕೆ ಮುಟ್ಟುವಂತೆಯೇ ಇಲ್ಲ. ಆಮೇಲೆ ಕೊಡುವವರು ತಮ್ಮ ಪಾಲಿನಿಂದ, ತಮ್ಮ ಸಂಬಳದಿಂದ ಕೊಡಲಿ. ಆಪಾ ಝುಮ್ಕಿ ಇಟ್ಟುಕೊಂಡಳು, ಇಂದಿಗೂ ಹಾಕುತ್ತಾಳೆ. ಅದೂ ಸರಿಯೇ.

ಚಾಲೀಸ್ವಾದ ವಿಚಾರ ಸೂಕ್ಷ್ಮ. ನಮ್ಮ ಬಳಗದಲ್ಲೇ ಸತ್ತವರ ಹೆಸರಲ್ಲಿ ಫಾತಿಹಾ ಓದಿಸುವವರೂ ಇದ್ದಾರೆ, ಇದೆಲ್ಲ ಧರ್ಮದಲ್ಲಿಲ್ಲ ಅನ್ನುವವರೂ ಇದ್ದಾರೆ. ಖುರಾನ್ ಪಠಣದ ಪುಣ್ಯ ಸತ್ತವರಿಗೆ ಮುಟ್ಟುತ್ತದೆಯೇ ಎಂಬಲ್ಲಿ ವಿದ್ವಾಂಸರಲ್ಲೂ ಭಿನ್ನಮತವಿದೆ. ದಾನದ ಪುಣ್ಯ ಮುಟ್ಟುತ್ತದೆ ಎಂಬುದರಲ್ಲಿ ತಕರಾರಿಲ್ಲ. ನಾನು ಮಾಮು ಅವರಿಗೆ ಅಷ್ಟೇ ಹೇಳಿದೆ: ಸಾವಾದ ಮನೆಗೆ ನೆರೆಯವರು ಅಡುಗೆ ಮಾಡಿ ಕಳಿಸಬೇಕು ಎಂಬುದು ಪೈಗಂಬರರ ಮಾತು, ನಾವು ಅದನ್ನು ತಿರುಗುಮುರುಗು ಮಾಡಿ ಸಾವಾದ ಮನೆಯವರಿಂದಲೇ ಊರಿಗೆ ಊಟ ಹಾಕಿಸುತ್ತಿದ್ದೇವೆ, ಬರುವವರೆಲ್ಲ ಹೊಟ್ಟೆ ತುಂಬಿದವರೇ. ಮಾಮು ಮುಖ ಊದಿಸಿಕೊಂಡರು. ಒಂದೇ ದೇಗ್‌ಗೆ ಒಪ್ಪಂದವಾಯಿತು, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಬಂದು ಉಳಿದುಕೊಂಡವರಿಗೆ.

ಉಳಿದದ್ದು ಸದಖಾ ಜಾರಿಯಾ, ಕೊಟ್ಟ ಮೇಲೂ ನಡೆಯುತ್ತಲೇ ಇರುವ ದಾನ. ಮನುಷ್ಯ ಸತ್ತರೆ ಅವನ ಕರ್ಮದ ಲೆಕ್ಕ ಮುಗಿಯುತ್ತದೆ, ಮೂರು ಬಿಟ್ಟು: ನಡೆಯುತ್ತಿರುವ ದಾನ, ಜನಕ್ಕೆ ಉಪಯೋಗವಾಗುವ ವಿದ್ಯೆ, ಅವನಿಗಾಗಿ ದುವಾ (ಪ್ರಾರ್ಥನೆ) ಮಾಡುವ ಒಳ್ಳೆಯ ಮಗು. ತಾಯಿ ತೀರಿಕೊಂಡ ಸಅದ್ ಬಿನ್ ಉಬಾದಾ ಎಂಬ ಪೈಗಂಬರರ ಸಂಗಾತಿ ಯಾವ ದಾನ ಮೇಲು ಎಂದು ಕೇಳಿದಾಗ ಪೈಗಂಬರರು ಹೇಳಿದ್ದು ನೀರು ಎಂದು. ಅವರು ತಾಯಿಯ ಹೆಸರಲ್ಲಿ ಬಾವಿ ತೋಡಿಸಿದರು. ಇದನ್ನು ಹಜ್ರತ್ ಹೇಳುವಾಗ ನನಗೆ ನಾನು ಪಾಠ ಮಾಡುವ, ವಿಜಯನಗರ ಕಾಲದ ಮಂತ್ರಿ ಲಕ್ಷ್ಮೀಧರಾಮಾತ್ಯನ ಶಾಸನವೇ ಕೇಳಿಸಿತು. ಕೆರೆಯಂ ಕಟ್ಟಿಸು, ಬಾವಿಯಂ ಸವೆಸು ಎಂದು ಹಾಲೂಡಿಸುವಾಗಲೇ ತಾಯಿ ಮಗನ ಕಿವಿಯಲ್ಲಿ ಹೇಳಿದಳಂತೆ. ನಮ್ಮಮ್ಮಿ ಅಂಥದ್ದೇನೂ ಹೇಳಿದವರಲ್ಲ, ಆದರೆ ಬೇಸಿಗೆ ಬಂತೆಂದರೆ ಬಾಗಿಲ ಹೊರಗೆ ಮಡಕೆಯಲ್ಲಿ ನೀರಿಟ್ಟು ಮೇಲೊಂದು ಲೋಟ ಬೋರಲು ಹಾಕುತ್ತಿದ್ದರು. ನೀರೇ ಆಗಲಿ ಎಂದುಕೊಂಡೆವು.

ಬೋರ್‌ವೆಲ್ ಮಾತ್ರ ಬೇಡ ಎಂದು ನಾನು ಹಟ ಹಿಡಿದೆ. ಫಲಕದಲ್ಲಿ ನಿಮ್ಮವರ ಹೆಸರು, ಫೋಟೊ, ವಿಡಿಯೊ ಎಲ್ಲ ಕಳಿಸುತ್ತೇವೆ ಎಂದು ಬೋರ್ ಹಾಕಿಸಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ಬರುವುದು ಧೂಳು. ಬೆಂಗಳೂರಿನ ಸಂಸ್ಕರಿಸಿದ ನೀರು ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ, ಅದಿರುವುದು ಅಂತರ್ಜಲ ಮೇಲೇರಲಿ ಎಂದು, ನೇರವಾಗಿ ಕುಡಿಯಲಿಕ್ಕಲ್ಲ. ಪಕ್ಕದವನ ಬೋರ್ ಒಣಗಿಸಿ ನಮ್ಮಮ್ಮಿಗೆ ಬರುವ ಪುಣ್ಯ ಎಂಥದ್ದು?

ನೀರು ಸಿಗುವ ಕಡೆಯೂ ಅದನ್ನು ಕುಡಿಯುವುದು ಹೇಗೆ ಎಂಬುದೇ ನಮ್ಮ ಕಡೆಯ ಸಮಸ್ಯೆ. ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಪರಿಚಯದ ಮುಖ್ಯೋಪಾಧ್ಯಾಯಿನಿಯೊಬ್ಬರ ಪ್ರಾಥಮಿಕ ಶಾಲೆಯ ನೀರನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ನೋಡಿದಾಗ ಅದು ಆ ಗೆರೆಯನ್ನು ದಾಟಿತ್ತು. ಹಾಗೆ ಅಲ್ಲಿಗೆ ನೀರನ್ನು ಸೂಕ್ಷ್ಮ ಪೊರೆಯ (ಮೆಂಬ್ರೇನ್) ಮೂಲಕ ಹಾಯಿಸಿ ಶುದ್ಧ ಮಾಡುವ ಆರ್‌ಓ ಘಟಕ ಎಂದು ತೀರ್ಮಾನವಾಯಿತು.

ಇಂಥದ್ದನ್ನು ಮಾಡಹೊರಟವರಿಗೆ ಕೆಲವು ಮಾತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬರೀ ಯುವಿ ದೀಪದ ಫಿಲ್ಟರ್ ಕ್ರಿಮಿ ಕೊಲ್ಲುತ್ತದೆಯೇ ಹೊರತು ಇದನ್ನು ತೆಗೆಯುವುದಿಲ್ಲ. ಮೆಕ್ಯಾನಿಕ್ ಕೈಯಲ್ಲಿರುವ ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಪ್ರಮಾಣ ಹೇಳುತ್ತದೆ, ಫ್ಲೋರೈಡ್ ಎಷ್ಟೆಂದು ಹೇಳದು. ಇನ್ನೊಂದು ಕಿತಾಪತಿ ಇದೆ. ನೀರು ಸಪ್ಪೆಯಾಯಿತು ಎಂದು ಯಾರಾದರೂ ಅಂದರೆ ಮೆಕ್ಯಾನಿಕ್ ಒಂದು ನಲ್ಲಿ ತಿರುಗಿಸಿ ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತಾನೆ. ರುಚಿ ಬರುತ್ತದೆ, ಅದರ ಜೊತೆ ಫ್ಲೋರೈಡೂ ವಾಪಸು ಬರುತ್ತದೆ. ಹೊಂದಿಸಿದ ಮೇಲೆ ಹೊರಗೆ ಬರುವ ನೀರನ್ನು ಮತ್ತೆ ಪ್ರಯೋಗಾಲಯಕ್ಕೆ ಕೊಡಲೇಬೇಕು. ಆರ್‌ಓ ಬಹಳ ನೀರನ್ನು ಹೊರಗೂ ಚೆಲ್ಲುತ್ತದೆ, ಬರದ ನಾಡಿನಲ್ಲಿ ಅದು ಚರಂಡಿಗೆ ಹೋಗಬಾರದು. ನಾವು ಅದಕ್ಕೊಂದು ಪೈಪ್ ಎಳೆದು ಶೌಚಾಲಯದ ತೊಟ್ಟಿಗೆ ಬಿಟ್ಟೆವು. ಬಿಸಿಯೂಟದ ಅಕ್ಕ ಒಂದು ಪ್ರಶ್ನೆ ಕೇಳಿದರು: "ಸಾರ್, ಮಕ್ಕಳು ಕುಡಿಯೋ ನೀರು ಒಳ್ಳೇದಾಯ್ತು, ಅನ್ನ ಸಾರು ಯಾವ ನೀರಲ್ಲಿ ಬೇಯಿಸ್ಲಿ?" ಸರಿಯಾದ ಪ್ರಶ್ನೆ, ಅನ್ನ ಬೇಯುವಾಗ ನೀರನ್ನು ಹೀರಿಕೊಳ್ಳುತ್ತದಲ್ಲ. ಅಡುಗೆಗೂ ಸಾಲುವಷ್ಟು ದೊಡ್ಡ ಘಟಕ ಹಾಕಿದ್ದು ಅವರ ಆ ಮಾತಿನಿಂದ.

ಸರ್ಕಾರಿ ಶಾಲೆಗೆ ಏನನ್ನಾದರೂ ಕೊಡುವಾಗ ಸುಮ್ಮನೆ ತಂದಿಟ್ಟು ಬರಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಬರೆಯಿಸಿ, ದಾಸ್ತಾನು ಪುಸ್ತಕದಲ್ಲಿ ಸೇರಿಸಿ. ಇಲ್ಲವಾದರೆ ಮುಖ್ಯೋಪಾಧ್ಯಾಯರು ವರ್ಗವಾದ ದಿನವೇ ಅದು ಯಾರದ್ದೂ ಅಲ್ಲದ ವಸ್ತುವಾಗುತ್ತದೆ.

ಹೆಸರಿನ ಫಲಕ ಬೇಡ ಎಂದಿದ್ದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿದೆಯಲ್ಲ. ಮುಖ್ಯೋಪಾಧ್ಯಾಯಿನಿ ನಕ್ಕರು. "ಮೇಷ್ಟ್ರೇ, ನಿಮ್ಮ ಎಡಗೈ ವಿಚಾರ ಆಮೇಲೆ. ಕೆಟ್ಟು ನಿಂತಾಗ ನನ್ನ ನಂತರ ಬಂದವರು ಯಾರಿಗೆ ಫೋನ್ ಮಾಡ್ಬೇಕು?" ಹಾಗಾಗಿ ಒಂದು ಸಣ್ಣ ಸ್ಟೀಲ್ ತಗಡು ಇದೆ. ಅಮ್ಮಿಯ ಹೆಸರು, ಹಾಕಿಸಿದ ವರ್ಷ, ಅದರ ಕೆಳಗೆ ರಿಪೇರಿಗೆ ಕರೆಯಬೇಕಾದ ನಮ್ಮ ಮನೆಯ ನಂಬರ್. ಆಪಾಗೆ ಮೊದಲ ಸಾಲು ಮುಖ್ಯ, ನನಗೆ ಕೊನೆಯದು.

ಆ ಮೇಡಂ ತಮ್ಮ ತಂದೆಯ ಹೆಸರಿನಲ್ಲಿ ದತ್ತಿ ಇಟ್ಟಿದ್ದಾರೆ. ಬ್ಯಾಂಕಿನಲ್ಲಿ ಠೇವಣಿ, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ಮಗುವಿಗೆ ಬಹುಮಾನ. ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು ನಡೆಯುವುದೂ ಹೀಗೇ. ಘಟಕದ ನಿರ್ವಹಣೆಗೂ ಹಾಗೇ ಮಾಡಿ ಅಂದರು. ನಮಗೆ ಬಡ್ಡಿ ಆಗದು, ಅಮ್ಮಿಯ ಹೆಸರಲ್ಲಂತೂ ಆಗಲೇ ಆಗದು. ಆದ್ದರಿಂದ ಪ್ರತಿ ವರ್ಷ ಕೈಯಿಂದಲೇ ಕೊಡುವುದೆಂದಾಯಿತು. ಶುರುವಿನಲ್ಲಿ ಇದೊಂದು ತೊಡಕು ಅನ್ನಿಸಿತ್ತು. ಈಗ ನೋಡಿದರೆ ಇದೇ ನನಗೆ ಒಗ್ಗಿದ್ದು. ಠೇವಣಿ ಇಟ್ಟಿದ್ದರೆ ಬ್ಯಾಂಕು ನಮಗಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಈಗ ಆಪಾ, ತಮ್ಮ, ನಾನು ವರ್ಷಕ್ಕೊಮ್ಮೆ ಯಾರು ಎಷ್ಟು ಎಂದು ಮಾತಾಡಲೇಬೇಕು, ಒಬ್ಬರಾದರೂ ಶಾಲೆಗೆ ಹೋಗಲೇಬೇಕು. ಅಮ್ಮಿ ಇದ್ದಾಗಲೂ ನಾವು ಮೂವರು ಒಟ್ಟಿಗೆ ಇಷ್ಟು ಮಾತಾಡಿದ್ದಿಲ್ಲ.

ತಾರೀಖಿನದ್ದೂ ಒಂದು ಗಡಿಬಿಡಿ ಇತ್ತು. ಹಿಜರಿ ಪ್ರಕಾರ ಅಮ್ಮಿಯ ದಿನ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಶಬೇ ಬರಾತ್ ರಾತ್ರಿ ಖಬರಸ್ತಾನಿಗೆ ಹೋಗಿ ದುವಾ ಮಾಡುವುದು ಚಾಂದ್ರಮಾನದ ಲೆಕ್ಕದಲ್ಲೇ ನಡೆದಿದೆ. ಆದರೆ ಫಿಲ್ಟರಿಗೆ ಹಿಜರಿ ಗೊತ್ತಿಲ್ಲ. ಬೇಸಿಗೆ ರಜೆಯಲ್ಲಿ ನಿಂತ ಯಂತ್ರದಲ್ಲಿ ಪಾಚಿ ಕಟ್ಟುತ್ತದೆ, ಶಾಲೆ ಬಾಗಿಲು ತೆರೆಯುವ ಮುಂಚೆ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್ ಬದಲಿಸಿ, ಟ್ಯಾಂಕ್ ತೊಳೆದು, ನೀರು ಪರೀಕ್ಷೆಗೆ ಕೊಡಬೇಕು. ಹಾಗಾಗಿ ಅಮ್ಮಿಯ ಕೆಲಸಕ್ಕೆ ಮೇ ತಿಂಗಳು ಗೊತ್ತಾಗಿಬಿಟ್ಟಿದೆ. ಅಷ್ಟು ಹೊತ್ತಿಗೆ ಮೇಡಂ ಮನೆಯ ಮುಂದೆ ಅರವಟ್ಟಿಗೆ ನಡೆಯುತ್ತಿರುತ್ತದೆ, ಅಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯದೆ ಅವರು ಬಿಡುವುದಿಲ್ಲ.

ಕಡ್ಡಾಯ ದಾನವಾದ ಜಕಾತ್ ಹಣದಲ್ಲಿ ಇದನ್ನು ಮಾಡಬಹುದಾ ಎಂದು ಈಚೆಗೆ ಇಬ್ಬರು ಕೇಳಿದರು. ನಮ್ಮ ಹನಫಿ ಪದ್ಧತಿಯಲ್ಲಿ ಆಗುವುದಿಲ್ಲ. ಜಕಾತ್ ಅರ್ಹರಾದ ಒಬ್ಬ ವ್ಯಕ್ತಿಯ ಕೈಗೆ ಹೋಗಿ ಅವರ ಸ್ವಂತದ್ದಾಗಬೇಕು, ಯಂತ್ರಕ್ಕೋ ಕಟ್ಟಡಕ್ಕೋ ಸುರಿಯುವಂತಿಲ್ಲ. ಜಕಾತಿನ ನೂರಕ್ಕೆ ಎರಡೂವರೆಯನ್ನು ಬೇರೆ ತೆಗೆದಿಡಿ, ಅದಕ್ಕೆ ಕಾಯುತ್ತಿರುವವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ನೀರಿನದ್ದು ನಿಮ್ಮ ಉಳಿದ ಹಣದಿಂದ ಆಗಲಿ, ಮತ್ತು ಮೆಂಬ್ರೇನ್ ಬದಲಿಸುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ, ಆಗಾಗ ಬದಲಿಸಬೇಕಾದ ಬಿಡಿಭಾಗಗಳಲ್ಲಿ ಅದೇ ದುಬಾರಿ. ನಮ್ಮಲ್ಲಿ ಈ ಸಲ ಆ ಖರ್ಚು ತಮ್ಮನ ಪಾಳಿ.