ಸ್ಟಿಕ್ಕರ್ ಅಂಟಿಸಿ ಡ್ರೈವರ್ ಅಳೆದೆ: ಗ್ರಾಫಿಕ್ಸ್ ಕಾರ್ಡ್ ಆರಿಸಿದ ನನ್ನ ಅನುಭವ

ಹನ್ನೆರಡು ವಿಡಿಯೋ ಎಡಿಟಿಂಗ್ ಯಂತ್ರಗಳು ನನ್ನ ಜವಾಬ್ದಾರಿ. ಎರಡು ವರ್ಷದ ಹಿಂದೆ ವಾರಕ್ಕೆ ಮೂರು ನಾಲ್ಕು ಸಲ "ಸ್ಕ್ರೀನ್ ಕಪ್ಪಾಯ್ತು, ಸ್ವಲ್ಪ ಬನ್ನಿ" ಅಂತ ಕರೆ ಬರುತ್ತಿತ್ತು. ಕಳೆದ ನಾಲ್ಕು ತಿಂಗಳಲ್ಲಿ ಅಂಥ ಕರೆ ಬಂದಿದ್ದು ಮೂರೇ ಮೂರು. ಅದರಲ್ಲೂ ಒಂದು ಸಡಿಲವಾದ ಡಿಸ್‌ಪ್ಲೇ ಕೇಬಲ್. ಬೆಂಚ್‌ಮಾರ್ಕ್ (ವೇಗದ ಪರೀಕ್ಷೆಯ ಅಂಕ) ನೋಡಿ ಕಾರ್ಡ್ ಕೊಳ್ಳೋದು ಬಿಟ್ಟು, ಡ್ರೈವರ್ (ಕಾರ್ಡನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಮತ್ತು ಕಂಪನಿಯ ಸಪೋರ್ಟ್ ಅಳೆದು ಕೊಂಡಿದ್ದಕ್ಕೆ ಸಿಕ್ಕ ಫಲ ಇದು. ಹೀಗೆ ಮಾಡ್ತೀನಿ ಅಂದಾಗ ನಮ್ಮಲ್ಲಿ ಒಬ್ಬರೂ ಒಪ್ಪಿರಲಿಲ್ಲ.

"ಡ್ರೈವರ್ ನೋಡಿ ಯಾರಾದ್ರೂ ಕಾರ್ಡ್ ತಗೋತಾರಾ? ಹೊಸದು ಬಂದ ತಕ್ಷಣ ಹಾಕಿ, ಸರಿ ಹೋಗುತ್ತೆ" ಅಂದರು ನಮ್ಮ ಮಾಲೀಕರು. ಸೀನಿಯರ್ ಎಡಿಟರ್‌ಗೆ ಅಷ್ಟೂ ಅನುಮಾನ ಇರಲಿಲ್ಲ. "ಯಾವ ಕಂಪನಿ ಡ್ರೈವರ್ ಚೆನ್ನಾಗಿದೆ, ಯಾವುದು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು ಸಾರ್. ಮತ್ತೆ ಯಾಕೆ ಅಳೀಬೇಕು?"

ಆ 'ಎಲ್ಲರಿಗೂ ಗೊತ್ತು' ಅನ್ನೋ ಮಾತೇ ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು.

ನಮ್ಮಲ್ಲಿ ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂರೂ ಕಾರ್ಡ್ ಇದ್ದವು. ನನ್ನ ಲೆಕ್ಕದಲ್ಲಿ ಅವುಗಳ ಹೆಸರು ಅ, ಆ, ಇ. ಯಾವುದು ಯಾವುದು ಅಂತ ಇಲ್ಲೂ ಹೇಳಲ್ಲ. ಹನ್ನೆರಡು ಯಂತ್ರದ ಪುಸ್ತಕ ಇಟ್ಟುಕೊಂಡು ಇಡೀ ಕಂಪನಿಗೆ ತೀರ್ಪು ಕೊಡೋಕೆ ಆಗಲ್ಲ, ಅಲ್ವಾ? ನಿಮ್ಮ ಕೆಲಸ ಬೇರೆ, ನಿಮ್ಮ ಉತ್ತರವೂ ಬೇರೆ ಬರಬಹುದು.

ಮೊದಲ ನಾಲ್ಕು ತಿಂಗಳು ಪೂರ್ತಿ ದಂಡ. ಒಂದು ದಪ್ಪ ನೋಟ್‌ಬುಕ್ ಇಟ್ಟೆ. ತಾರೀಖು, ಯಂತ್ರ, ಏನಾಯ್ತು, ಡ್ರೈವರ್ ಆವೃತ್ತಿ, ಎಷ್ಟು ಹೊತ್ತು ಕೆಲಸ ನಿಂತಿತು. ಐದೇ ಕಾಲಂ. ಏನೇ ಆದರೂ ಕಾರಣ 'ಡ್ರೈವರ್' ಅಂತಲೇ ಬರೆಯುತ್ತಾ ಹೋದೆ. ಐದನೇ ಯಂತ್ರದಲ್ಲಿ ಮೂರು ದಿನಕ್ಕೊಮ್ಮೆ ವಿಂಡೋಸ್‌ನ ದೋಷಗಳ ದಾಖಲೆಯಾದ ಇವೆಂಟ್ ವ್ಯೂವರ್‌ನಲ್ಲಿ 4101 (ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡೋದು ನಿಲ್ಲಿಸಿ ಮತ್ತೆ ಎದ್ದಿತು ಅನ್ನೋ ಸಂಕೇತ) ಬೀಳುತ್ತಿತ್ತು. ಡ್ರೈವರ್ ನಾಲ್ಕು ಸಲ ಬದಲಾಯಿಸಿದೆ. ಹೋಗಲಿಲ್ಲ. ಹೊಸ ಪವರ್ ಸಪ್ಲೈ ತಂದೆ. ಹೋಗಲಿಲ್ಲ. ಕೊನೆಗೆ ಕಾರ್ಡನ್ನೇ ಮಾರಿದೆ. ಕೊಟ್ಟ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಾಪಸ್ ಬಂತು, ಅಷ್ಟೇ. ಬೇರೆ ಕಂಪನಿಯ ಕಾರ್ಡ್ ಹಾಕಿದ ಎರಡನೇ ದಿನ ಮತ್ತೆ ಅದೇ 4101.

ತಪ್ಪು ಇದ್ದದ್ದು ರ‍್ಯಾಮ್‌ನಲ್ಲಿ. ಅದನ್ನು ಜಾಸ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಪ್ರೊಫೈಲ್ ತೆಗೆದು ಸಾಮಾನ್ಯ ವೇಗಕ್ಕೆ ಇಳಿಸಿದೆ. ಅಂದಿನಿಂದ ಇಂದಿನವರೆಗೆ ಆ ಯಂತ್ರ ತಣ್ಣಗಿದೆ. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್) ಎರಡು ನಿಮಿಷದ ಕೆಲಸ. ಅದು ಹೊಳೆಯದೆ ಹೋಗಿದ್ದಕ್ಕೆ ಒಂದು ಮಧ್ಯಮ ದರ್ಜೆಯ ಕಾರ್ಡಿನಷ್ಟು ದುಡ್ಡು ಕೈಬಿಟ್ಟಿತ್ತು.

ಆಮೇಲೆ ನಿಯಮ ಮಾಡಿಕೊಂಡೆ. ಮೂರು ಪರೀಕ್ಷೆ ಆಗದೆ ಯಾವುದನ್ನೂ ಡ್ರೈವರ್ ಖಾತೆಗೆ ಹಾಕಬಾರದು. ರ‍್ಯಾಮ್ ಒಂದು ರಾತ್ರಿ ಸಾಮಾನ್ಯ ವೇಗದಲ್ಲಿ ಓಡಬೇಕು. ಕಾರ್ಡಿನ ಪವರ್ ಕೇಬಲ್ ಬದಲಾಗಬೇಕು. ಕಾರ್ಖಾನೆಯಿಂದಲೇ ಓವರ್‌ಕ್ಲಾಕ್ ಆಗಿ ಬಂದ ಕಾರ್ಡಾದರೆ 50 ಮೆಗಾಹರ್ಟ್ಸ್ ಇಳಿಸಿ ನೋಡಬೇಕು. ಈ ಮೂರನೆಯದು ಬಹಳ ಜನ ಮರೆಯುವ ವಿಷಯ. ಚಿಪ್ ಮಾಡುವವರು ಒಬ್ಬರು, ಬೋರ್ಡ್ ಮಾಡುವವರು ಇನ್ನೊಬ್ಬರು. ಬೋರ್ಡಿನವರು ವೇಗ ಏರಿಸಿ ಕಳಿಸಿರುತ್ತಾರೆ, ಬೈಗುಳ ಚಿಪ್‌ನವರ ಡ್ರೈವರ್‌ಗೆ ಬೀಳುತ್ತೆ. ನನ್ನ ಒಂದು ಕಾರ್ಡಿನ ಕಪ್ಪು ಸ್ಕ್ರೀನ್ ಈ 50 ಮೆಗಾಹರ್ಟ್ಸ್‌ನಲ್ಲೇ ಮಾಯವಾಯಿತು.

ಬೋರ್ಡಿನವರು ಕೊಡುವ ಬಣ್ಣದ ದೀಪದ ಸಾಫ್ಟ್‌ವೇರ್, ಫ್ಯಾನ್ ಸಾಫ್ಟ್‌ವೇರ್ ಎಲ್ಲವನ್ನೂ ಕಿತ್ತು ಹಾಕಿದೆ. ಎರಡು ಪ್ರೋಗ್ರಾಂ ಒಂದೇ ಸೆನ್ಸರ್ ಓದೋಕೆ ಹೋದಾಗ ಪ್ರಿವ್ಯೂ ಪ್ರತಿ ಸೆಕೆಂಡಿಗೊಮ್ಮೆ ಸಣ್ಣಗೆ ತಡವರಿಸುತ್ತಿತ್ತು. ಫ್ಯಾನ್‌ಗೆ ಈಗ ಎಂಎಸ್‌ಐ ಆಫ್ಟರ್‌ಬರ್ನರ್ ಒಂದೇ. ಬೇರೆ ಕಂಪನಿಯ ಕಾರ್ಡ್ ಮೇಲೂ ಓಡುತ್ತೆ.

ಇನ್ನೊಂದು ದೊಡ್ಡ ಗೊಂದಲ 4:2:2 ಫೂಟೇಜ್, ಅಂದರೆ ಬಣ್ಣದ ವಿವರ ಸಾಮಾನ್ಯಕ್ಕಿಂತ ಜಾಸ್ತಿ ಇರುವ ವಿಡಿಯೋ. "ಡ್ರೈವರ್ ಹಾಳಾಗಿದೆ, ಟೈಮ್‌ಲೈನ್ ಎಳೆದರೆ ನಿಲ್ಲುತ್ತೆ" ಅಂತ ಬಂದ ದೂರುಗಳಲ್ಲಿ ಕಾಲು ಭಾಗ ಇದೇ. 10 ಬಿಟ್ 4:2:2 ಎಚ್‌ಇವಿಸಿ ವಿಡಿಯೋವನ್ನು ಇಂಟೆಲ್‌ನ ಆರ್ಕ್ ಕಾರ್ಡ್ ಮೊದಲ ತಲೆಮಾರಿನಿಂದಲೇ ಹಾರ್ಡ್‌ವೇರ್‌ನಲ್ಲಿ ಡಿಕೋಡ್ ಮಾಡುತ್ತೆ, ಅಂದರೆ ಚಿಪ್ಪೇ ಅದನ್ನು ಬಿಚ್ಚಿ ತೋರಿಸುತ್ತೆ. ಎನ್ವಿಡಿಯಾದಲ್ಲಿ ಅದು ಬಂದಿದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಚಿಪ್‌ನಲ್ಲೇ ಇಲ್ಲದ್ದನ್ನು ಡ್ರೈವರ್ ಎಲ್ಲಿಂದ ತರಬೇಕು? ಇಂಥವನ್ನೆಲ್ಲ ಬೇರೆ ಪುಟಕ್ಕೆ ಹಾಕಿದೆ.

ಎಲ್ಲ ಜರಡಿ ಹಿಡಿದ ಮೇಲೆ ಸುಮಾರು 140 ದೂರುಗಳಲ್ಲಿ ನಿಜವಾಗಿ ಡ್ರೈವರ್‌ದು ಅಂತ ಉಳಿದಿದ್ದು 50ರ ಆಸುಪಾಸು.

ಈಗ ಸ್ಟಿಕ್ಕರ್ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ ತಿರುವಿ ಹಾಕುವಾಗ ಒಂದು ಕಣ್ಣಿಗೆ ಬಿತ್ತು. ಎರಡು ತಿಂಗಳಲ್ಲಿ 24 ದೂರು ಬಂದಿದ್ದರೆ ಅದರಲ್ಲಿ 15 ಒಂದೇ ಕಂಪನಿಯ ಕಾರ್ಡಿನದ್ದು. ಎಡಿಟರ್‌ಗಳಿಗೆ ಮೊದಲಿಂದ ನಂಬಿಕೆ ಇಲ್ಲದಿದ್ದ ಕಂಪನಿ ಅದು. ನಂಬಿಕೆ ಇದ್ದ ಕಾರ್ಡ್ ಒಮ್ಮೆ ಮಿನುಗಿದರೆ ಸುಮ್ಮನಿರುತ್ತಿದ್ದರು. ಇದು ಮಿನುಗಿದರೆ ಫೋನ್ ಎತ್ತುತ್ತಿದ್ದರು.

ಒಂದು ಭಾನುವಾರ ಎಲ್ಲಾ ಯಂತ್ರ ಬಿಚ್ಚಿದೆ. ಕಾರ್ಡುಗಳನ್ನು ಅದಲು ಬದಲು ಮಾಡಿದೆ. ಪಕ್ಕದ ಗಾಜಿಗೆ ಒಳಗಿನಿಂದ ಕಪ್ಪು ಹಾಳೆ ಅಂಟಿಸಿದೆ. ಮುಂದೆ ಬರೀ ನಂಬರಿನ ಸ್ಟಿಕ್ಕರ್. ಡ್ರೈವರ್ ಮಾತ್ರ ಹಾಕಿ, ಕಂಟ್ರೋಲ್ ಪ್ಯಾನೆಲ್ ಆ್ಯಪ್ ಬಿಟ್ಟೆ. ಎಎಂಡಿ ಇನ್‌ಸ್ಟಾಲರ್‌ನಲ್ಲಿ ಅದಕ್ಕೆ ಬೇರೆ ಆಯ್ಕೆಯೇ ಇದೆ, ಉಳಿದ ಎರಡರಲ್ಲೂ ಆ್ಯಪ್ ಇಲ್ಲದೆ ಹಾಕೋಕೆ ದಾರಿ ಇದೆ. ಟ್ರೇಯಲ್ಲಿ ಐಕಾನ್ ಕಾಣದ ಹಾಗಾಯಿತು. ಎರಡು ತಿಂಗಳಿಗೊಮ್ಮೆ ಕಾರ್ಡುಗಳ ಜಾಗ ಬದಲಿಸಿದೆ, ಯಂತ್ರದ ದೋಷ ಕಾರ್ಡಿನ ತಲೆಗೆ ಬರಬಾರದು ಅಂತ. ಆರು ತಿಂಗಳು ಹೀಗೇ ನಡೆಯಿತು.

ದೂರುಗಳ ಎಣಿಕೆ ಹೀಗೆ ಬಂತು: ಅ ಒಂಬತ್ತು, ಆ ಏಳು, ಇ ಹನ್ನೊಂದು. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಹೆಚ್ಚು ಕಮ್ಮಿ ಇರಬಹುದು. ಕಪ್ಪು ಹಾಳೆ ತೆಗೆದ ದಿನ ಸೀನಿಯರ್ ಎಡಿಟರ್ ತಮ್ಮ ಯಂತ್ರದ ಮುಂದೆ ಬಗ್ಗಿ ಕಾರ್ಡ್ ನೋಡಿದರು. ಆರು ತಿಂಗಳಲ್ಲಿ ಕೊನೆಯ ಎರಡು ತಿಂಗಳು ಅವರು ಕೆಲಸ ಮಾಡಿದ್ದು ತಾವು ನಂಬದಿದ್ದ ಆ ಕಂಪನಿಯ ಕಾರ್ಡಿನ ಮೇಲೆ, ಒಂದು ದೂರೂ ಕೊಟ್ಟಿರಲಿಲ್ಲ. "ಇದೇನಾ?" ಅಂತ ಎರಡು ಸಲ ಕೇಳಿದರು. ಆ ಘಳಿಗೆಗೆ ಎಷ್ಟು ಖುಷಿಯಾಯ್ತು ಅಂದ್ರೆ, ನಾಲ್ಕು ತಿಂಗಳ ನಷ್ಟವೂ ಮರೆತುಹೋಯ್ತು.

ಆದರೆ ಎಣಿಕೆಗಿಂತ ದೊಡ್ಡ ಪಾಠ ಕೊನೆಯ ಕಾಲಂನಲ್ಲಿತ್ತು. ನಿಂತ ಗಂಟೆಗಳದ್ದು. ಇ ಕಾರ್ಡಿನ ಹನ್ನೊಂದೂ ಸಣ್ಣವು. ಮಾನಿಟರ್ ನಿದ್ದೆಯಿಂದ ಏಳಲ್ಲ, ಮತ್ತೆ ಕೇಬಲ್ ಹಾಕಿದರೆ ಏಳುತ್ತೆ. ಐದು ನಿಮಿಷ. ಅ ಕಾರ್ಡಿನ ಒಂಬತ್ತರಲ್ಲಿ ನಾಲ್ಕು ಅರ್ಧರ್ಧ ದಿನ ತಿಂದವು. ಹಳೆಯ ಆವೃತ್ತಿಗೆ ಹಿಂದೆ ಹೋದರೂ ಸರಿಹೋಗದೆ, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರನ್ನು ಬೇರುಸಮೇತ ಕೀಳುವ ಪ್ರೋಗ್ರಾಂ) ಹಾಕಿ ಪೂರ್ತಿ ಒರೆಸಬೇಕಾಗಿತ್ತು. ರೆಂಡರ್ ನಡುವೆ ಅರ್ಧ ದಿನ ಹೋದರೆ ಅದರ ಬೆಲೆ ಎರಡು ಕಾರ್ಡುಗಳ ಬೆಲೆಯ ವ್ಯತ್ಯಾಸಕ್ಕಿಂತ ಜಾಸ್ತಿ. ಮಾಲೀಕರಿಗೆ ಈ ಲೆಕ್ಕ ಒಂದೇ ಹಾಳೆಯಲ್ಲಿ ತೋರಿಸಿದೆ. ಅವರು ಮಾತಾಡಲಿಲ್ಲ, ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಡಿಡಿಯು ಹಾಕುವಾಗ ಮೊದಲು ನೆಟ್ ಕೇಬಲ್ ಕೀಳಬೇಕು. ನಾನೂ ಒಂದು ಸಲ ಮರೆತೆ. ಡ್ರೈವರ್ ಒರೆಸಿ, ರೀಸ್ಟಾರ್ಟ್ ಕೊಟ್ಟು, ಪಕ್ಕದ ಯಂತ್ರ ನೋಡಿ ಬರುವಷ್ಟರಲ್ಲಿ ಸ್ಕ್ರೀನ್ ಎರಡು ಸಲ ಮಿಟುಕಿಸಿತ್ತು. ಆಪರೇಟಿಂಗ್ ಸಿಸ್ಟಮ್ ತಾನೇ ಒಂದು ಹಳೆಯ ಡ್ರೈವರ್ ತಂದು ಕೂರಿಸಿತ್ತು. ಅದರ ಮೇಲೆ ನಾನು ಹೊಸದು ಹಾಕಿದೆ. ಎರಡು ವಾರ ವಿಚಿತ್ರ ತೊಂದರೆಗಳು, ಅವೆಲ್ಲ ಪಾಪ ಕಂಪನಿಯ ಖಾತೆಗೆ ಹೋದವು. ಈಗ ವಿಂಡೋಸ್‌ನ ಗ್ರೂಪ್ ಪಾಲಿಸಿ ಸೆಟ್ಟಿಂಗ್‌ನಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬರದಂತೆ ಎಲ್ಲಾ ಯಂತ್ರದಲ್ಲೂ ಬಾಗಿಲು ಹಾಕಿದ್ದೇನೆ.

ವಿಂಡೋಸ್‌ನ ಟಿಡಿಆರ್ ಅನ್ನೋ ಕಾವಲಿನ ಜೊತೆಗೂ ಒಂದು ಆಟ ಆಡಿದೆ. ಜಿಪಿಯು (ಕಾರ್ಡಿನ ಚಿಪ್) ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ಡ್ರೈವರ್ ರೀಸೆಟ್ ಆಗುತ್ತಲ್ಲ, ಅದನ್ನು ರಿಜಿಸ್ಟ್ರಿಯಲ್ಲಿ 60ಕ್ಕೆ ಏರಿಸಿದೆ. ದೂರು ಇಳಿಯಿತು. ಮೂರು ವಾರ ಹಿಗ್ಗಿದೆ. ಆಮೇಲೆ ಗೊತ್ತಾಯ್ತು, ಯಂತ್ರ ಒಂದು ನಿಮಿಷ ಕಲ್ಲಾಗಿ ಕೂತು ಆಮೇಲೆ ಸಾಯುತ್ತಿತ್ತು. ಎಡಿಟರ್‌ಗಳು ಅದನ್ನು 'ಸ್ಲೋ' ಅಂತ ತಿಳಿದು ದೂರೇ ಕೊಡುತ್ತಿರಲಿಲ್ಲ. ಆ ಮೂರು ವಾರದ ಲೆಕ್ಕ ಹರಿದು ಹಾಕಿದೆ. ಭಾರೀ ರೆಂಡರ್ ಇರುವ ಎರಡು ಯಂತ್ರದಲ್ಲಿ ಮಾತ್ರ 10 ಇಟ್ಟಿದ್ದೇನೆ, ಉಳಿದವು ಎರಡರಲ್ಲೇ ಇವೆ.

ಸಪೋರ್ಟ್ ಅಳೆಯೋದು ಇನ್ನೂ ಕಷ್ಟ. ಮೂರೂ ಕಂಪನಿಗೆ ಅದದರ ತೊಂದರೆಯನ್ನು ಒಂದೇ ಮಾದರಿಯಲ್ಲಿ ಬರೆದು ಕಳಿಸಿದೆ. ಆವೃತ್ತಿ, ಹೆಜ್ಜೆಗಳು, ಡಂಪ್ ಫೈಲ್ (ಕೆಟ್ಟಾಗ ಯಂತ್ರ ಬರೆದಿಡುವ ದಾಖಲೆ) ಸಮೇತ. ಒಂದು ಕಡೆಯಿಂದ ಮರುದಿನವೇ ಉತ್ತರ ಬಂತು. "ದಯವಿಟ್ಟು ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ" ಅಂತ. ನಾಲ್ಕು ಸಲ ಬರೆದರೂ ಅದೇ. ಇನ್ನೊಂದು ಕಡೆ ಆರು ದಿನ ಸುದ್ದಿಯಿಲ್ಲ. ಏಳನೇ ದಿನ ಮಾನಿಟರ್ ಮಾಡೆಲ್, ಕೇಬಲ್ ಉದ್ದ, ರಿಫ್ರೆಶ್ ರೇಟ್ ಎಲ್ಲಾ ಕೇಳಿ ಪತ್ರ ಬಂತು. ಎರಡು ತಿಂಗಳ ಮೇಲೆ ಅದೇ ತೊಂದರೆ ಹೊಸ ಡ್ರೈವರ್ ಜೊತೆ ಬರುವ ರಿಲೀಸ್ ನೋಟ್ಸ್‌ನಲ್ಲಿ 'ಸರಿಪಡಿಸಲಾಗಿದೆ' ಪಟ್ಟಿಯಲ್ಲಿ ಕಾಣಿಸಿತು. ಮೂರನೆಯವರು ಉತ್ತರವೇ ಕೊಡಲಿಲ್ಲ. ಆದರೂ ಮುಂದಿನ ಆವೃತ್ತಿಯಲ್ಲಿ ತೊಂದರೆ ಇರಲಿಲ್ಲ! ಬೇಗ ಉತ್ತರ ಬಂದರೆ ಒಳ್ಳೆ ಸಪೋರ್ಟ್ ಅಂತ ನಂಬಿದ್ದೆ. ಆ ನಂಬಿಕೆ ಅಲ್ಲಿಗೆ ಬಿಟ್ಟೆ.

ಅದರ ಬದಲು ರಿಲೀಸ್ ನೋಟ್ಸ್ ಓದೋಕೆ ಶುರು ಮಾಡಿದೆ. ಮೂರೂ ಕಂಪನಿ ಸರಿಪಡಿಸಿದ್ದರ ಪಟ್ಟಿಯನ್ನೂ, ಗೊತ್ತಿದ್ದೂ ಇನ್ನೂ ಉಳಿದಿರುವ ದೋಷಗಳ ಪಟ್ಟಿಯನ್ನೂ ಹಾಕುತ್ತವೆ. ಒಂದು ವರ್ಷದ ಎಲ್ಲಾ ಹಳೆಯ ನೋಟ್ಸ್ ಇಳಿಸಿಕೊಂಡು, ಒಂದೊಂದು ದೋಷ ಎಷ್ಟು ಆವೃತ್ತಿ ಆ ಎರಡನೇ ಪಟ್ಟಿಯಲ್ಲಿ ಕೂತಿತ್ತು ಅಂತ ಎಣಿಸಿದೆ. ಕೆಲವು ಎರಡೇ ಆವೃತ್ತಿಗೆ ಹೋಗುತ್ತವೆ. ಕೆಲವು ಎಂಟು ಆವೃತ್ತಿ ಕೂತು, ಒಂದು ದಿನ ಸರಿಪಡಿಸಿದ ಪಟ್ಟಿಗೂ ಬರದೆ ಸುಮ್ನೆ ಮಾಯವಾಗುತ್ತವೆ. ಆ ಸುಮ್ನೆ ಮಾಯವಾದವುಗಳನ್ನು ಎಣಿಸಿ ನೋಡಿ. ಕಂಪನಿಯ ಬಗ್ಗೆ ಯಾವ ವಿಮರ್ಶೆಯೂ ಹೇಳದ್ದನ್ನು ಅದು ಹೇಳುತ್ತೆ. ಹಾಗೆ ಬಂದ ಅಂಕಿಯನ್ನು ನಾನು ಇನ್ನೊಂದರ ಜೊತೆ ಸೇರಿಸಿ ನೋಡುತ್ತೇನೆ, ಅದು ಯಾವುದು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ.

ಎಷ್ಟು ವರ್ಷ ಡ್ರೈವರ್ ಕೊಡ್ತಾರೆ ಅನ್ನೋದರಲ್ಲೂ ಬಾಯಿಮಾತು ಜಾಸ್ತಿ. 2012ರಲ್ಲಿ ಎದುರಾಳಿಗಳಾಗಿದ್ದ ಎನ್ವಿಡಿಯಾದ ಜಿಟಿಎಕ್ಸ್ 680, ಎಎಂಡಿಯ ಎಚ್‌ಡಿ 7970 ನೆನಪಿದೆಯಾ? ಎರಡಕ್ಕೂ ಮುಖ್ಯ ಡ್ರೈವರ್ ನಿಂತಿದ್ದು 2021ರಲ್ಲೇ, ಕೆಲವೇ ತಿಂಗಳ ಅಂತರದಲ್ಲಿ. ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿಗೆ 2025ರ ಅಕ್ಟೋಬರ್‌ನಲ್ಲಿ ಕೊನೆಯ ಗೇಮ್ ರೆಡಿ ಡ್ರೈವರ್ ಬಂತು, ಭದ್ರತೆಯ ಅಪ್‌ಡೇಟ್ ಮಾತ್ರ 2028ರವರೆಗೆ. ಲಿನಕ್ಸ್‌ನಲ್ಲಿ ಕಥೆ ಬೇರೆ. ನಮ್ಮ ಒಂದು ಹಳೆಯ ಎಎಂಡಿ ರೇಡಿಯಾನ್ ಕಾರ್ಡ್ ಈಗ ಫೈಲ್ ಕಾಯುವ ಲಿನಕ್ಸ್ ಯಂತ್ರದಲ್ಲಿದೆ. ಎಎಂಡಿಜಿಪಿಯು ಡ್ರೈವರ್ 2015ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೇ ಇರೋದರಿಂದ ಇನ್‌ಸ್ಟಾಲ್ ಮಾಡೋಕೆ ಏನೂ ಇಲ್ಲ. ಎನ್ವಿಡಿಯಾ 2022ರಲ್ಲಿ ತನ್ನ ಕರ್ನಲ್ ಮಾಡ್ಯೂಲ್‌ಗಳ ಸೋರ್ಸ್ ಕೋಡ್ ಎಲ್ಲರಿಗೂ ತೆರೆದ ಮೇಲೆ ಆ ಕಡೆಯೂ ಸುಲಭವಾಗಿದೆ.

ಇಂಟೆಲ್ ಆರ್ಕ್ ಬಗ್ಗೆ ಒಂದು ಮಾತು. 2022ರಲ್ಲಿ ಬಂದಾಗ ಡೈರೆಕ್ಟ್‌ಎಕ್ಸ್ 9 (ಆಟಗಳು ಕಾರ್ಡ್ ಜೊತೆ ಮಾತಾಡುವ ಹಳೆಯ ಭಾಷೆ) ಆಟಗಳನ್ನು ಡೈರೆಕ್ಟ್‌ಎಕ್ಸ್ 12ಕ್ಕೆ ತಿರುಗಿಸಿ ಓಡಿಸುತ್ತಿತ್ತು. ಕೆಲವೇ ತಿಂಗಳಲ್ಲಿ ಡ್ರೈವರ್‌ನಲ್ಲೇ ಆ ದಾರಿ ಬದಲಾಯಿತು, ಹಳೆಯ ಆಟಗಳು ಅದೇ ಕಾರ್ಡಿನಲ್ಲಿ ಜೋರಾಗಿ ಓಡತೊಡಗಿದವು. ಕಾರ್ಡ್ ಕೊಂಡ ಮೇಲೂ ಕಾರ್ಡ್ ಬದಲಾಗುತ್ತೆ ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಇಡೀ ಮೆಮೊರಿ ಒಟ್ಟಿಗೆ ಸಿಗುವಂತೆ ಮಾಡುವ ಬಯಾಸ್ ಆಯ್ಕೆ) ಆನ್ ಮಾಡದೆ ಅದನ್ನು ಅಳೆಯೋಕೆ ಮಾತ್ರ ಹೋಗಬೇಡಿ.

ಇನ್ನು "ಹೊಸದು ಬಂದ ತಕ್ಷಣ ಹಾಕಿ" ಅನ್ನೋ ಮಾತು. 2010ರಲ್ಲಿ ಎನ್ವಿಡಿಯಾದ 196.75 ಡ್ರೈವರ್ ಫ್ಯಾನ್ ನಿಯಂತ್ರಣ ಕೆಡಿಸಿದ್ದಕ್ಕೆ ವಾಪಸ್ ಹೋಯ್ತು. 2015ರಲ್ಲಿ ಎಎಂಡಿಯ ಮೊದಲ ಕ್ರಿಮ್ಸನ್ ಡ್ರೈವರ್ ಕೆಲವು ಕಾರ್ಡುಗಳ ಫ್ಯಾನನ್ನು ಕಡಿಮೆ ವೇಗದಲ್ಲೇ ಕಟ್ಟಿಹಾಕಿತು, ಕೆಲವೇ ದಿನದಲ್ಲಿ ತಿದ್ದುಪಡಿ ಬಂತು. ಯಾರೂ ಹೊರತಲ್ಲ. ಅದಕ್ಕೆ ನಾನು ಒಂದು ಯಂತ್ರವನ್ನು ರುಚಿ ನೋಡೋಕೆ ಇಟ್ಟಿದ್ದೇನೆ. ಹೊಸ ಡ್ರೈವರ್ ಮೂರು ವಾರ ಅದರಲ್ಲಿ ಮಾತ್ರ. ಅಲ್ಲಿ ನನ್ನದೇ ಒಂದು ಟೈಮ್‌ಲೈನ್ ಓಡುತ್ತೆ, ಹನ್ನೊಂದು ನಿಮಿಷದ್ದು. ಬೇರೆ ಬೇರೆ ರಿಫ್ರೆಶ್ ರೇಟಿನ ಎರಡು ಮಾನಿಟರ್, ಮಧ್ಯೆ ಎರಡು ಸಲ ಸ್ಲೀಪ್, ಮೆಮೊರಿ ಅಂಚಿಗೆ ಬರುವಷ್ಟು ಎಫೆಕ್ಟ್. ಆರನೇ ನಿಮಿಷದಲ್ಲಿ ಏನಿದೆ ಅಂತ ಹೇಳಲ್ಲ. ಕೆಟ್ಟ ಡ್ರೈವರ್ ಬಹುತೇಕ ಅಲ್ಲೇ ಸಿಕ್ಕಿಬೀಳುತ್ತೆ. ಹಳೆಯ ಮೂರು ಆವೃತ್ತಿಗಳ ಇನ್‌ಸ್ಟಾಲರ್ ಯಾವಾಗಲೂ ಡಿಸ್ಕ್‌ನಲ್ಲಿರುತ್ತವೆ.

ಕಳೆದ ಸಲ ಆರು ಕಾರ್ಡ್ ಕೊಂಡೆವು. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಅವು ಮೊದಲಿರಲಿಲ್ಲ, ನಂಬಿ. ಮಾಲೀಕರೇ ಆರ್ಡರ್ ಹಾಕುವ ಮುಂಚೆ "ಪುಸ್ತಕ ತನ್ನಿ" ಅಂದರು. ಸೋಮವಾರ ರುಚಿ ನೋಡುವ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿದ್ದೇನೆ. ಇವತ್ತು ಬೆಳಿಗ್ಗೆ ಆರನೇ ನಿಮಿಷ ದಾಟಿತು. ಇನ್ನೂ ಹದಿನೇಳು ದಿನ ಬಾಕಿ ಇದೆ.